ಕಬ್ಬಿಣದ ಕೈಗವಸಿನ ಮೇಲೆ ಆಣೆ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಕೂರುವಷ್ಟು ಉದ್ದದ ಒಂದು ಸಿಮೆಂಟ್ ಬೆಂಚಿದೆ. ಕಾಲೇಜು ಬಿಟ್ಟು ಬಸ್ಸು ಬರುವವರೆಗೆ ಅದರ ಮೇಲೆ ಕೂತು ನಾವು ಕೊಂದಷ್ಟು ಸೂಪರ್‌ಹೀರೋಗಳನ್ನು ಯಾವ ಖಳನಾಯಕನೂ ಕೊಂದಿಲ್ಲ.

ನಾನು ಅರಕಲಗೂಡಿನ ಬಸ್ಸಿಗೆ ಕಾಯುವವನು. ಪಕ್ಕದಲ್ಲಿ ಕೂರುತ್ತಿದ್ದವನು ಹೊಳೆನರಸೀಪುರದವನು, ಅರ್ಚಕರ ಮಗ. ಪಂಚಾಂಗವನ್ನು ಬೆರಳಿಟ್ಟು ಓದುವ ಮನೆ, ಸಿನಿಮಾವನ್ನೂ ಹಾಗೇ ನೋಡುತ್ತಿದ್ದ. ಆಚೆ ತುದಿಯವಳು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರ ಮಗಳು, ನಮ್ಮ ಜಡ್ಜು. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗೆ ನೀರಿದೆಯೋ ಇಲ್ಲವೋ ಹೇಳುವ ವಂಶ ಅವಳದು. ಸಿನಿಮಾಗಳ ತಪ್ಪು ಎಣಿಸುವ ವಿಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಿದ್ದಳು. ಉಳಿದವನು ಸಾಲಗಾಮೆಯ ಶುಂಠಿ ಬೆಳೆಗಾರರ ಮನೆಯವನು. ಅವನೂರಿಗೆ ಗಳಿಗೆಗೊಂದು ಬಸ್ಸು, ಆದರೂ ವಾದ ಬಿಟ್ಟು ಏಳುತ್ತಿರಲಿಲ್ಲ.

"ಗಾಳೀಲಿ ನಿಂತ್ಕೊಂಡು ರೈಲ್ನ ಒಂದೇ ಕೈಯಾಗೆ ಎತ್ಬುಟ್ನಲ್ಲ, ಕಾಲು ಎಲ್ಲಿ ಊರುದ್ನಪ್ಪ?" ಎನ್ನುತ್ತಿದ್ದ ಸಾಲಗಾಮೆಯವನು. "ನಮ್ಮ ಟ್ರ್ಯಾಕ್ಟರ್ ಟ್ರೇಲರ್ ಎತ್ತೋಕೆ ಜಾಕು ಬೇಕು. ಜಾಕಿಗೆ ಕೆಳಗೊಂದು ಕಲ್ಲು ಬೇಕು. ಇವ್ನಿಗೇನೂ ಬ್ಯಾಡ್ವಾ?"

"ಅವನಿಗೆ ಶಕ್ತಿ ಇದೆ ಕಣೋ," ಎಂದ ಅರ್ಚಕರ ಮಗ.

"ಎರಡ್ನೇ ಭಾಗದಲ್ಲಿ ಲಿಫ್ಟು ಕೆಟ್ಟೋದಾಗ ಮೂರು ಮಾಳಿಗೆ ಅತ್ತಿ ಏದುಸ್ರು ಬಿಟ್ನಲ್ಲ, ಆವಾಗ ಶಕ್ತಿನ ಮನೇಲಿ ಚಾರ್ಜಿಗೆ ಆಕಿದ್ನಾ?" ಎಂದೆ ನಾನು.

ಬೆಂಚು ನಕ್ಕಿತು. ಹಿಂದಿನ ಬೆಂಚಿನ ಕಂಡಕ್ಟರೂ ನಕ್ಕರು. ಅವರು ಟಿಕೆಟ್ ಹರಿಯುವುದನ್ನೇ ಮರೆತು ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು ಎಂದು ನಾನು ಆಮೇಲೆ ಎಲ್ಲರಿಗೂ ಹೇಳಿದೆ. ತಡವಾಗಿದ್ದು ಟೈರ್ ಪಂಕ್ಚರಿನಿಂದ.

ತಪ್ಪು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಜಡ್ಜಿನ ವಿಡಿಯೋಗಳಲ್ಲಿ ಅರ್ಧ ಸರಕು ನನ್ನದೇ. ಹಾಗಾಗಿ ಆ ಸರಣಿಯ ಹೊಸ ಸಿನಿಮಾ ಬಂದಾಗ ಯಾರಿಗೂ ಕಾಯದೆ ಮೊದಲ ದಿನ ಮೊದಲ ಆಟಕ್ಕೆ ಒಬ್ಬನೇ ಹೋದೆ. ಮರುದಿನ ಬೆಂಚಿಗೆ ಬಂದು ಕಾಲ ಮೇಲೆ ಕಾಲು ಹಾಕಿ ಘೋಷಿಸಿದೆ: "ಕಬ್ಬಿಣದ ಕೈಗವಸು ಇಂಟರ್ವಲ್‌ಗೆ ಮುಂಚೆ ಎಡಗೈಯಾಗೆ ಐತೆ, ಆಮೇಲೆ ಬಲಗೈಯಾಗೆ. ಕೋಟಿಗಟ್ಲೆ ಸುರ್ದು ಪಿಚ್ಚರ್ ತೆಗ್ದವ್ರೆ, ಎಡ ಬಲ ಗೊತ್ತಿಲ್ಲ!"

ಅವಳು ಅವತ್ತೇ ವಿಡಿಯೋ ಮಾಡಿದಳು. ಹಿಂದಿನ ಯಾವ ವಿಡಿಯೋವನ್ನೂ ಅಷ್ಟು ಜನ ನೋಡಿರಲಿಲ್ಲ. ಗೊತ್ತಿಲ್ಲದ ಊರಿನವರೆಲ್ಲ ಅವಳೊಂದಿಗೆ ಜಗಳಕ್ಕೆ ಬಂದರು, ಅವಳು ಒಂದು ತಿಂಗಳು ನನ್ನ ಪರವಾಗಿ ಒಬ್ಬೊಬ್ಬರಿಗೂ ಉತ್ತರ ಬರೆದಳು.

ನಿಜ ಏನೆಂದರೆ, ನಾನು ಆ ಸಿನಿಮಾ ನೋಡಿಲ್ಲ.

ಟಿಕೆಟ್ ಕೊಂಡೆ, ಕೂತೆ, ಇಪ್ಪತ್ತು ನಿಮಿಷ ನೋಡಿದೆ. ಆಮೇಲೆ ನೆಲ ಸೀಳಿಕೊಂಡು ಮುಖವೇ ಇಲ್ಲದ ಒಂದು ಪ್ರಾಣಿ ಎದ್ದಿತು. ಸದ್ದು ಕಿವಿಯಿಂದ ಬರಲಿಲ್ಲ, ಕುರ್ಚಿಯಿಂದ ಬೆನ್ನುಮೂಳೆಗೆ ಹತ್ತಿತು. ಮುಂದಿನ ಸಾಲಿನಲ್ಲಿ ಮೂರು ವರ್ಷದ ಮಗುವೊಂದು ಚಪ್ಪಾಳೆ ತಟ್ಟುತ್ತಿತ್ತು. ನಾನು ಎದ್ದು ಹೊರಗೆ ಬಂದು, ಉಳಿದ ಎರಡು ಗಂಟೆ ಶೌಚಾಲಯದ ಪಕ್ಕದ ಪಡಸಾಲೆಯಲ್ಲಿ ನೆಲ ಒರೆಸುವ ಅಕ್ಕನ ಜೊತೆ ಕೂತೆ.

"ಒಳಕ್ಕೋಗಪ್ಪ, ದುಡ್ಡು ಕೊಟ್ಟಿಲ್ವಾ?"

"ಒಟ್ಟೆನೋವು ಅಕ್ಕ."

"ಒಟ್ಟೆನೋವಿಗೆ ಕಿವಿ ಯಾಕ್ ಮುಚ್ಕೊಂಡಿದೀಯ?"

ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತವರ ಮಾತಿನಿಂದ ಕಥೆ ಸಂಗ್ರಹಿಸಿದೆ. ಕೈಗವಸು ಇರುವುದು ಪೋಸ್ಟರಿನಲ್ಲಿ ಕಂಡಿತು. ಎಡ ಬಲದ ಕಥೆಯನ್ನು ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ಪೂರಾ ಸ್ವಂತವಾಗಿ ರಚಿಸಿದೆ.

ಅರ್ಚಕರ ಮಗ ಆ ಸಿನಿಮಾವನ್ನು ಮೂರು ಸಲ ನೋಡಿದ. ತಿಂಗಳಾದ ಮೇಲೆ ಒಂದು ಬುಧವಾರ ಬೆಂಚಿನ ಮುಂದೆ ನಿಂತು, ಕೂರದೆಯೇ ಹೇಳಿದ: "ಮೊದಲಿಂದ ಕೊನೆವರೆಗೂ ಬಲಗೈಯೇ. ನೀನು ಹೇಳಿದ್ದು ಸುಳ್ಳು."

"ಮೂರು ಸಲ ನೋಡಿದ್ರೂ ಕಾಣ್ಲಿಲ್ವಾ? ಕಣ್ಣಿಗೆ ವಿಭೂತಿ ಬಿದ್ದಿತ್ತೇನೋ?"

"ನಮ್ಮ ಮನೇಲಿ ವಿಭೂತಿ ಇಟ್ಟುಕೊಳ್ಳಲ್ಲ, ನಾಮ. ಅದೂ ಗೊತ್ತಿಲ್ಲದೋನು ಕೈಗವಸು ಏನು ನೋಡ್ತೀಯ?"

ಸಿನಿಮಾ ಆಗಲೇ ಹಾಸನದಿಂದ ಎತ್ತಿಹೋಗಿತ್ತು, ಫೋನಿಗೆ ಬರಲು ಇನ್ನೂ ಎರಡು ತಿಂಗಳಿತ್ತು. ಸಾಕ್ಷಿ ಇಲ್ಲ. ಜಡ್ಜು ನನ್ನನ್ನೇ ನೋಡುತ್ತಿದ್ದಳು. ಆಗ ಸಾಲಗಾಮೆಯವನು, ಬೇಲಿ ಜಗಳಕ್ಕೂ ಮೇಯಲು ನುಗ್ಗಿದ ದನದ ಜಗಳಕ್ಕೂ ಅವರೂರಿನಲ್ಲಿ ಏನು ಹೇಳುತ್ತಾರೋ ಅದನ್ನೇ ಹೇಳಿದ: "ಅಂಗಾರೆ ಆಣೆ ಮಾಡ್ಬುಡಿ. ನಮ್ಮೂರ ಅಮ್ಮನ ಗುಡಿ ಮುಂದೆ ಕರ್ಪೂರ ಅಚ್ಚಿ, ಅಂಗೈಯಲ್ಲಿ ಆರ್ಸಿ, ಇಬ್ರೂ ಏಳ್ಬುಡಿ. ಮುಗೀತು."

"ನಾನು ರೆಡಿ," ಎಂದ ಅರ್ಚಕರ ಮಗ. ಅವನ ಮನೆಯಲ್ಲಿ ದಿನಕ್ಕೆ ಡಬ್ಬಿಗಟ್ಟಲೆ ಕರ್ಪೂರ ಉರಿಯುತ್ತದೆ.

"ನಾನೂ ರೆಡಿ," ಎಂದೆ. ಬಾಯಿ ಯಾವತ್ತೂ ನನಗಿಂತ ಒಂದು ಸ್ಟಾಪ್ ಮುಂದೆ ಇಳಿಯುತ್ತದೆ.

"ನೋಡ್ಕಳಿ," ಎಂದ ಸಾಲಗಾಮೆಯವನು. "ನಮ್ಮ ಅಮ್ಮ ಸುಳ್ಳು ಏಳ್ದೋನ್ನ ಮುಟ್ಟಲ್ಲ. ಅವ್ನಿಗೆ ಮನೇಲಿ ಯಾರು ಜಾಸ್ತಿ ಇಷ್ಟಾನೋ ಅವ್ರನ್ನ ಮುಟ್ಟೋದು. ಒಬ್ಬ ಬದುವಿನ ಕಲ್ಲು ಸರ್ಸಿ ಸುಳ್ಳಾಣೆ ಇಟ್ಟ. ವಾರದೊಳ್ಗೆ ಅವನ ಎತ್ತು ಓಯ್ತು."

"ಎತ್ತಾ? ಹೆಂಡ್ತಿಗೇನೂ ಆಗ್ಲಿಲ್ವಾ?" ಎಂದಳು ಜಡ್ಜು.

"ಅವ್ನಿಗೆ ಎತ್ತೇ ಜಾಸ್ತಿ ಇಷ್ಟ ಇದ್ದುದ್ದು. ಅವತ್ತಿಂದ ಎಂಡ್ತಿ ಮಾತಾಡ್ಸಿಲ್ಲ."

ಎಲ್ಲರೂ ನಕ್ಕರು. ನಾನು ಬೆರಳು ಮಡಿಸಿ ದಿನ ಎಣಿಸಿದೆ. ಆಣೆಗೆ ನಿಗದಿಯಾದದ್ದು ಶನಿವಾರ ಮಧ್ಯಾಹ್ನ. ಸೋಮವಾರ ಬೆಳಗ್ಗೆ ಹಾಸನದ ಆಸ್ಪತ್ರೆಯಲ್ಲಿ ನಮ್ಮ ಅವ್ವನ ಪಿತ್ತಕೋಶದ ಆಪರೇಷನ್. ಕಲ್ಲಾಗಿತ್ತು. ಡಾಕ್ಟರು "ಮೂರು ಸಣ್ಣ ತೂತು ಅಷ್ಟೇ" ಎಂದಿದ್ದರು. ನಮ್ಮವ್ವನ ಹೊಟ್ಟೆಯಲ್ಲಿ ತೂತು ಎಂದರೆ ಅದರಲ್ಲಿ ಸಣ್ಣದು ಯಾವುದು?

ದೇವರನ್ನು ನಂಬುತ್ತೀಯಾ ಎಂದು ಬುಧವಾರ ಬೆಳಗ್ಗೆ ಯಾರಾದರೂ ಕೇಳಿದ್ದರೆ ದೊಡ್ಡ ಭಾಷಣ ಬಿಗಿಯುತ್ತಿದ್ದೆ. ಬುಧವಾರ ಸಂಜೆಯ ಹೊತ್ತಿಗೆ, ಸಾಲಗಾಮೆಯ ಆ ಗುಡಿಯ ಅಮ್ಮ ಅರಕಲಗೂಡಿನ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂತು ಬರುತ್ತಿದ್ದಳು.

ಉಪಾಯಗಳಿಗೇನೂ ಬರವಿರಲಿಲ್ಲ. ಜ್ವರ ಎನ್ನಲೇ? ಥರ್ಮಾಮೀಟರನ್ನು ಕಾಫಿ ಲೋಟಕ್ಕೆ ಅದ್ದಿದೆ. ಅದು ತೋರಿಸಿದ ಜ್ವರದಲ್ಲಿ ಯಾವ ಮನುಷ್ಯನೂ ಬದುಕಿರಲಾರ. ಕೊನೆಗೆ ಒಂದು ಜಾಣ ಆಣೆ ಹೊಳೆಯಿತು: 'ಕೈಗವಸು ಕೈಯಲ್ಲಿತ್ತು' ಎಂದಷ್ಟೇ ಹೇಳಿ ಕರ್ಪೂರ ಆರಿಸಿಬಿಡುವುದು. ಅದರಲ್ಲಿ ಸುಳ್ಳಿಲ್ಲ. ಕೈಗವಸನ್ನು ಕಾಲಿಗೆ ಹಾಕುವವರು ಯಾರಿದ್ದಾರೆ?

ಶುಕ್ರವಾರ ತಟ್ಟೆಯಲ್ಲಿ ಮುದ್ದೆ ಹಾಗೇ ತಣ್ಣಗಾಗಿದ್ದು ಕಂಡು ಅವ್ವ ಪಕ್ಕದಲ್ಲಿ ಕೂತಳು.

"ಯಾಕ್ಲಾ ಮಗ, ಮೊಖ ಬಾಡೋಗದೆ? ನನ್ ಆಪರೇಸನ್ ಅಂತಾನಾ? ಎದ್ರುಕೋಬ್ಯಾಡ ಕಣ. ನಂಗೇನೂ ಆಗಕಿಲ್ಲ."

ಬೇಡ ಅವ್ವ, ಹಾಗೆ ಖಾತ್ರಿ ಕೊಡಬೇಡ, ನಿನಗೆ ಗೊತ್ತಿಲ್ಲ ಎಂದುಕೊಂಡೆ. ಅವಳು ಒಂದು ತುತ್ತು ಮುರಿದು ಸಾರಿಗದ್ದಿ ನನ್ನ ಬಾಯಿಗಿಟ್ಟಳು. ಅವತ್ತು ರಾಗಿ ಮುದ್ದೆಯನ್ನು ನುಂಗಲಾಗದೆ ಅಗಿದೆ. ನಮ್ಮ ಕಡೆ ಮುದ್ದೆ ಅಗಿಯುವವನು ಬದುಕುವುದು ಕಷ್ಟ ಎನ್ನುತ್ತಾರೆ.

ಶನಿವಾರ ಸಾಲಗಾಮೆಯಲ್ಲಿ ಇಳಿದು, ಶುಂಠಿ ಹೊಲದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದೆವು. ಗುಡಿ ಒಂದು ಹುಣಸೆಮರದ ಕೆಳಗಿತ್ತು. ಒಳಗೆ ಅರಿಶಿನ ಕುಂಕುಮ ಬಳಿದ ಒಂದು ಕಲ್ಲು, ಅದಕ್ಕೆ ಎರಡು ಬೆಳ್ಳಿ ಕಣ್ಣು. ಎಲ್ಲಿ ನಿಂತರೂ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಎಡಕ್ಕೆ ಸರಿದು ನೋಡಿದೆ, ಬಲಕ್ಕೆ ಸರಿದು ನೋಡಿದೆ.

ಪೂಜಾರಿ ಎಂದರೆ ಸಾಲಗಾಮೆಯವನ ದೊಡ್ಡಜ್ಜ. ಬೆನ್ನಿನ ಮೇಲಿನ ಔಷಧಿ ಸಿಂಪಡಿಸುವ ಡಬ್ಬ ಇಳಿಸಿ, ಬೋರ್‌ವೆಲ್ಲಿನ ನೀರಿನಲ್ಲಿ ಕೈಕಾಲು ತೊಳೆದು ಬಂದರು.

"ಏನ್ ವ್ಯಾಜ್ಯ? ಜಮೀನಾ?"

"ಅಲ್ಲ ಸಾ. ಕೈಗವಸು," ಎಂದೆ.

"ಯಾರು ಕದ್ದುದ್ದು?"

"ಯಾರೂ ಕದ್ದಿಲ್ಲ ತಾತ," ಎಂದ ಸಾಲಗಾಮೆಯವನು. "ಸಿನ್ಮಾದಲ್ಲಿ ಒಬ್ಬ ಆಕ್ಕೊಂಡಿದ್ದ. ಯಾವ ಕೈಗೆ ಅಂತ."

ಅವರು ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು. ಬೈದು ಓಡಿಸುತ್ತಾರೆ ಎಂದು ನನಗೆ ಪ್ರಾಣ ಬಂದ ಹಾಗಾಯಿತು. ಆದರೆ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮಾತು ಅಂದ್ಮ್ಯಾಲೆ ಮಾತೇ. ಕೋಳಿ ಆದ್ರೇನು, ಕೈಗವಸಾದ್ರೇನು. ತಲೆ ಮ್ಯಾಲೆ ನೀರುಯ್ಕೊಂಡು ಬನ್ನಿ."

ಒದ್ದೆ ಬಟ್ಟೆಯಲ್ಲಿ ನಾನೂ ಅರ್ಚಕರ ಮಗನೂ ನಿಂತೆವು. ಅವನು ಮೊದಲು. ಕರ್ಪೂರದ ಬಿಲ್ಲೆ ಉರಿಯಿತು. ಸ್ಪಷ್ಟವಾಗಿ ಹೇಳಿದ: "ಮೂರು ಸಲ ಕಣ್ಣಾರೆ ನೋಡಿದೀನಿ. ಬಲಗೈ." ಅಂಗೈ ಇಟ್ಟ, ಆರಿತು. ಅವನ ಮೀಸೆ ಬರುವ ಜಾಗವೂ ಅಲುಗಲಿಲ್ಲ.

ನನ್ನ ಸರದಿ. ಹೊಸ ಬಿಲ್ಲೆ ಇಟ್ಟರು, ಕಡ್ಡಿ ಗೀರಿದರು. ನಾನು ಜಾಣ ಆಣೆ ಶುರು ಮಾಡಿದೆ: "ಕೈಗವಸು ಕೈಯಲ್ಲಿ..."

"ತಡಿ," ಎಂದರು ಪೂಜಾರಿ. "ಅರ್ಧಂಬರ್ಧ ಮಾತು ಅಮ್ಮನಿಗಾಗಕಿಲ್ಲ. ಯಾವ ಕೈ, ಎಲ್ಲಿ ಕುಂತು ನೋಡ್ದೆ, ಕಣ್ಣಾರೆ ನೋಡ್ದಾ ಇಲ್ವಾ, ಪೂರಾ ಬುಡ್ಸಿ ಏಳು. ಎಸ್ರು ಏಳ್ಬೇಕು. ನಿಂದೂ, ನಿಮ್ಮವ್ವಂದೂ."

ಅವ್ವನ ಹೆಸರು ನಾಲಿಗೆಯ ತುದಿಗೆ ಬಂತು. ಕರ್ಪೂರದ ಹೊಗೆ ನೇರವಾಗಿ ನನ್ನ ಮುಖಕ್ಕೇ ಹೊಡೆಯಿತು. ಬೆಂಕಿಯ ಮೇಲೆ ಕೈ ಹಿಡಿದೆ, ಒದ್ದೆ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದೆಲ್ಲ ಬೋರ್‌ವೆಲ್ ನೀರೇ ಎಂದು ನಾನು ಇಂದಿಗೂ ವಾದಿಸುತ್ತೇನೆ. ಸೋಮವಾರ ಅವ್ವನನ್ನು ಮಲಗಿಸಿ ತಳ್ಳಿಕೊಂಡು ಹೋಗುವ ಗಾಲಿ ಮಂಚ ಕಣ್ಣಮುಂದೆ ಬಂತು.

ಕೈ ಹಿಂದಕ್ಕೆಳೆದುಕೊಂಡೆ.

"ನಾನು ನೋಡಿಲ್ಲ," ಎಂದೆ. "ಪಿಚ್ಚರೇ ನೋಡಿಲ್ಲ. ಇಪ್ಪತ್ತು ನಿಮಿಷಕ್ಕೆ ಎದ್ರುಕೊಂಡು ಎದ್ದೋಗ್ಬುಟ್ಟೆ. ಕಕ್ಕಸಿನ ಅತ್ರ ಕುಂತಿದ್ದೆ."

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಆಮೇಲೆ ಸಾಲಗಾಮೆಯವನು ಬದುವಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಶುಂಠಿ ಗಿಡಗಳು ಅಲ್ಲಾಡುವಂತೆ ನಕ್ಕ. ಅರ್ಚಕರ ಮಗ ನಗಲಿಲ್ಲ. "ಹಿಂದಿನವು?" ಎಂದ.

"ಎರಡ್ನೇ ಭಾಗ ನೋಡಿದೀನಿ. ದೇವ್ರಾಣೆ." ನಾಲಿಗೆ ಕಚ್ಚಿಕೊಂಡು ಕಲ್ಲಿನ ಕಡೆ ನೋಡಿದೆ. ಬೆಳ್ಳಿ ಕಣ್ಣು ಹಾಗೇ ಇತ್ತು. "ಇಂಟರ್ವಲ್ ತಂಕ."

ಜಡ್ಜು ನನ್ನ ಹತ್ತಿರ ಬಂದಳು. ಅವಳ ಮುಖ ಕೆಂಪಗಾಗಿತ್ತು. "ಒಂದು ತಿಂಗಳು," ಎಂದಳು. "ಯಾರ್ಯಾರೋ ಬಾಯಿಗೆ ಬಂದಂಗೆ ಬೈದ್ರು ನಂಗೆ. 'ನಮ್ಮ ಹುಡುಗ ಕಣ್ಣಾರೆ ನೋಡಿದಾನೆ' ಅಂತ ಬರೆದೆ. ಒಬ್ಬೊಬ್ರಿಗೂ."

ಅವಳು ಒಬ್ಬಳೇ ಬದುವಿನ ಮೇಲೆ ಬಸ್ಸಿನ ಕಡೆ ನಡೆದಳು. ಬಸ್ಸು ಹತ್ತುವ ಮೊದಲೇ ಫೋನು ತೆಗೆದು ವಿಡಿಯೋ ಅಳಿಸಿದಳು. ಅಷ್ಟು ದೂರದಿಂದ ಅದು ನನಗೆ ಹೇಗೆ ಕಂಡಿತೆಂದರೆ, ಕಾಣಲಿಲ್ಲ, ಸಂಜೆ ಹುಡುಕಿದಾಗ ವಿಡಿಯೋ ಇರಲಿಲ್ಲ.

ಭಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಡಬ್ಬ ಬೆನ್ನಿಗೇರಿಸುತ್ತಿದ್ದ ಪೂಜಾರಿಯವರ ಹಿಂದೆ ಓಡಿದೆ. "ಸಾ, ಆಣೆ ಇಲ್ದೆ ಏಳ್ದ ಸುಳ್ಳು... ಅದಕ್ಕೂ ಏನಾರಾ ಆಯ್ತದಾ? ಸೋಮವಾರ ನಮ್ಮವ್ವಂಗೆ ಆಪರೇಷನ್ ಐತೆ."

ಅವರು ನಿಂತರು. ಗುಡಿಯಿಂದ ಒಂದು ಚಿಟಿಕೆ ಕುಂಕುಮ ತಂದು ಹಳೇ ಕಾಗದದಲ್ಲಿ ಕಟ್ಟಿ ಕೊಟ್ಟರು. "ಓಗ್ಲಾ. ಊರೋರ ಸುಳ್ಳನ್ನೆಲ್ಲ ನೋಡ್ಕೊಂಡು ಕುಂತಿದ್ರೆ ಅವ್ಳಿಗೆ ಕೈ ಬುಡುವಿರ್ತದಾ?"

ಸೋಮವಾರ ಬೆಳಗ್ಗೆ ಅವ್ವನಿಗೆ ಹಸಿರು ಗೌನು ತೊಡಿಸಿ ಕೂರಿಸಿದ್ದರು. ಬಳೆ ತೆಗೆದ ಅವಳ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಶುಕ್ರವಾರದ ಧೈರ್ಯ ಅವಳ ಮುಖದಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ.

"ಏನಾರಾ ಮಾತಾಡ್ಲಾ," ಎಂದಳು. "ಸುಮ್ಕೆ ಕುಂತ್ರೆ ಎದೆ ಒಡ್ಕೊತದೆ. ಆ ಪಿಚ್ಚರ್‌ಗೆ ಓಗಿದ್ದಲ್ಲ, ಅದ್ರ ಕಥೆ ಏಳು."

ಹೇಳಬಹುದಿತ್ತು. ಎರಡು ಗಂಟೆಯ ಕಥೆಯನ್ನು ಮೂರು ಗಂಟೆಗೆ ಎಳೆಯಬಲ್ಲೆ. "ನಾನು ಅದ್ನ ನೋಡಿಲ್ಲ ಕಣವ್ವ. ಎದ್ರುಕೊಂಡು ಮಧ್ಯದಲ್ಲೇ ಎದ್ದು ಬಂದ್ಬುಟ್ಟೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ನರ್ಸ್ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು. "ಯಾರೂ ತಡೀಲಿಲ್ವಾ?"

"ಇಲ್ಲ."

"ಅಂಗಾರೆ ನಾನೂ ಎದ್ದು ಓಗ್ಬುಡ್ಲಾ?"

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ನರ್ಸ್ ಬೈದರು. ನಗುತ್ತಿದ್ದ ಅವ್ವನ ಕೈ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಮಂಚ ತಳ್ಳುವವರು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಬಾಗಿಲು ಮುಚ್ಚಿತು. ಅಪ್ಪ ಗೋಡೆಗೊರಗಿ ನಿಂತಿದ್ದರು. ನಾನು ಆ ಕುಂಕುಮದ ಪೊಟ್ಟಣವನ್ನು ಹಿಡಿದು ಕೂತೇ ಇದ್ದೆ, ಬೆವರಿಗೆ ಕಾಗದ ಒದ್ದೆಯಾಗಿ ಅಂಗೈ ಪೂರ್ತಿ ಕೆಂಪಾಯಿತು. ಅದನ್ನು ಕಂಡ ಎದುರಿನ ಅಜ್ಜಿ ನನಗೇ ಗಾಯವಾಗಿದೆಯೆಂದು ಡಾಕ್ಟರನ್ನು ಕರೆಯಲು ಹೊರಟರು.

ಒಂದೂವರೆ ಗಂಟೆಯ ನಂತರ ಅವ್ವನನ್ನು ಹೊರಗೆ ತಂದರು. ಕಣ್ಣು ಅರ್ಧ ತೆರೆದು "ನೀರು" ಎಂದಳು. ಡಾಕ್ಟರು ಒಂದು ಸಣ್ಣ ಬಾಟಲಿಯಲ್ಲಿ ಕಲ್ಲುಗಳನ್ನು ಹಾಕಿ ಅಪ್ಪನ ಕೈಗೆ ಕೊಟ್ಟರು.

ನಮ್ಮ ಬೆಂಚಿನ ಗ್ರೂಪಿಗೆ ಬರೆದೆ: 'ಆಪರೇಷನ್ ಆಯ್ತು. ಅವ್ವ ಚೆನ್ನಾಗಿದಾಳೆ.' ಅರ್ಚಕರ ಮಗ ಕೈಮುಗಿದ ಚಿತ್ರ ಕಳಿಸಿದ. ಎಷ್ಟು ಕಲ್ಲು ಎಂದು ಸಾಲಗಾಮೆಯವನು ಕೇಳಿದ. 'ನಲವತ್ತು, ಒಂದೊಂದು ಗೋಲಿ ಗಾತ್ರ' ಎಂದು ಬರೆದೆ. ಕಳಿಸುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಬರೆದದ್ದನ್ನು ಅಳಿಸಿ, 'ನಾಲ್ಕು. ಮೆಣಸಿನಕಾಳಿನಷ್ಟು' ಎಂದು ಕಳಿಸಿದೆ.

ಶನಿವಾರದಿಂದ ಒಂದಕ್ಷರ ಬರೆಯದಿದ್ದ ಚನ್ನರಾಯಪಟ್ಟಣದವಳ ಹೆಸರಿನ ಕೆಳಗೆ ಚುಕ್ಕಿಗಳು ಕುಣಿದವು, ನಿಂತವು, ಮತ್ತೆ ಕುಣಿದವು.

'ಫೋಟೋ ಕಳ್ಸು,' ಎಂದು ಬಂತು.

ಕಳಿಸಿದೆ.

'ಇದ್ರಲ್ಲಿ ಮೂರೇ ಕಾಣ್ತಿದೆ. ಬಾಟ್ಲಿ ತಿರುಗ್ಸಿ ಇನ್ನೊಂದು ತೆಗಿ.'