ಏಳರ ನಂತರ ನಾವು ಇರಲಿಲ್ಲ

ಅವಳ ಕೈಮೇಲೆ ಬಿದ್ದದ್ದು ಯಾವ ಆಮ್ಲವೆಂದು ಈಗ ಪ್ರಮಾಣ ಮಾಡಿ ಹೇಳಲಾರೆ. ಗಂಧಕಾಮ್ಲ ಎಂದುಕೊಂಡಿದ್ದೇನೆ. ಆದರೆ ರಸಾಯನಶಾಸ್ತ್ರ ಓದಿದವಳು ನಾನು. ನೆನಪಿನ ಖಾಲಿ ಜಾಗಕ್ಕೆ ನಾನೇ ಒಂದು ಹೆಸರು ತುಂಬಿರಲೂಬಹುದು. ಹೊರಗೆ ಮಳೆ ಸುರಿಯುತ್ತಿತ್ತೆಂದು ನೆನಪು. ಅದು ನಳ್ಳಿ ನೀರಿನ ಸದ್ದೇ ಇದ್ದೀತು. ಅಂದಿನ ದಿನಚರಿಯಲ್ಲಿ ಎರಡೇ ಸಾಲು ಬರೆದಿದ್ದೇನೆ, ಹೊತ್ತು ಬರೆದಿಲ್ಲ. ಆದರೆ ಸಂಜೆ ಏಳು ದಾಟಿತ್ತು. ಅಲ್ಲಗಳೆದವರ ಮೇಲಿನ ಸಿಟ್ಟಿನಿಂದ ಈ ಖಚಿತತೆ ಹುಟ್ಟಿತೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಲ್ಲ. ಏಳು ದಾಟಿತ್ತು, ಏಕೆಂದರೆ ನಮ್ಮ ‘ಟ್ರೇನು’ ಆಗಲೇ ಹೊರಟಿತ್ತು.

ಆ ಟ್ರೇನಿನ ವಿಷಯ ಹೇಳಬೇಕು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಡೊಂಬಿವಿಲಿಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಎಂ.ಎಸ್ಸಿ. ಮುಗಿಸಿದ ನನ್ನನ್ನು ಅಲ್ಲಿಗೆ ಸೇರಿಸಿದವರು ನನ್ನ ಸೋದರಮಾವ. ಅದೇ ಲ್ಯಾಬಿನ ಸೂಪರ್‌ವೈಸರ್. ಕಾರ್ಖಾನೆಗಳಲ್ಲಿ ಹೆಂಗಸರನ್ನು ಸಂಜೆ ಏಳರ ನಂತರ ದುಡಿಸಬಾರದೆಂಬ ಕಾನೂನು ಆಗ ಇತ್ತು. ನಮ್ಮ ಕಂಪನಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು, ಕಾರ್ಡಿನ ಮೇಲೆ. ಏಳಾಗುತ್ತಿದ್ದಂತೆ ಲ್ಯಾಬಿನ ಹೆಂಗಸರೆಲ್ಲ ಗೇಟಿಗೆ ಹೋಗಿ ಕಾರ್ಡ್ ಪಂಚ್ ಮಾಡಬೇಕು, ಮನೆಗೆ ಹೋದವರಾಗಬೇಕು, ಮತ್ತೆ ಅದೇ ದಾರಿಯಲ್ಲಿ ಒಳಗೆ ಬಂದು ಉಳಿದ ಸ್ಯಾಂಪಲ್‌ಗಳನ್ನು ಮುಗಿಸಬೇಕು. ಗಂಡಸರು ನಿಜವಾಗಿ ಹೊರಡುವಾಗ ಪಂಚ್ ಮಾಡುತ್ತಿದ್ದರು. ಅವರಿಗೆ ಓವರ್‌ಟೈಮ್‌ನ ದುಡ್ಡು, ಓಟಿ, ಅದೂ ದುಪ್ಪಟ್ಟು ದರದಲ್ಲಿ. ನಮಗೆ ಚಹಾ. ಕೇಳಿದರೆ, ಕಾನೂನು ಮುರಿಯಲಾದೀತೇ ಮೇಡಂ ಎನ್ನುತ್ತಿದ್ದರು ಆಫೀಸಿನವರು. ನಮ್ಮನ್ನು ಕಾಯಲು ಬರೆದ ಕಾನೂನನ್ನೇ ಹಿಡಿದು ನಮ್ಮ ದುಡಿಮೆ ಕದಿಯುವ ಈ ಉಪಾಯ ಯಾರ ತಲೆಯಲ್ಲಿ ಹುಟ್ಟಿತೋ, ಇಂದಿಗೂ ನೆನೆದರೆ ಮೈ ಉರಿಯುತ್ತದೆ.

ನನ್ನ ಪಕ್ಕದ ಮೇಜಿನವಳು ಬೆಳಗಾವಿ ಕಡೆಯವಳು. ನನಗಿಂತ ಹಿರಿಯಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಅವಳ ಮನೆ ಕಲ್ಯಾಣದಾಚೆ ಶಹಾಡಿನಲ್ಲಿ. ಗೇಟಿನಿಂದ ಮರಳಿ ಏಪ್ರನ್ ಕಟ್ಟಿಕೊಳ್ಳುತ್ತಾ, ಕಾರ್ಡಿನ ಪ್ರಕಾರ ಮನೆಗೆ ಹೊರಟ ನಮ್ಮ ಟ್ರೇನು ಈಗ ಎಲ್ಲಿದೆಯೆಂದು ಸಾರಲು ಶುರುಮಾಡುವಳು.

“ಠಾಕುರ್ಲಿ ಬಂತ ನೋಡ್ರವಾ, ಇಳಿಯೋರು ಬಾಗಲಕಡೆ ಸರೀರಿ.” ಸ್ವಲ್ಪ ಹೊತ್ತಿಗೆ, “ನಾ ಮನಿ ಮುಟ್ಟಿದೆ. ಭಾಕ್ರಿ ಬಡಿಯಾಕ ಹತ್ತೇನಿ, ಯಾರೂ ಮಾತಾಡಸಬ್ಯಾಡ್ರಿ.”

ನಾವು ನಗುತ್ತಿದ್ದೆವು. ಮಾವನೂ ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದರು.

ಅಂದು ಅವಳಿನ್ನೂ ಭಾಕ್ರಿ ರೊಟ್ಟಿಗೆ ಬಂದಿರಲಿಲ್ಲ. ಠಾಕುರ್ಲಿ ದಾಟಿದ್ದಳು ಅಷ್ಟೇ. ಮೇಲಿನ ಹಲಗೆಯಿಂದ ಇಳಿಸುತ್ತಿದ್ದ ಬಾಟಲಿಯ ತಳ ಒಡೆದು ಆಮ್ಲ ಬಲಗೈಯ ಮೇಲೆ ಸುರಿಯಿತು. ಮೊದಲು ಓಡಿಬಂದವರು ಮಾವ. ಅವಳ ಕೈಯನ್ನು ನಳ್ಳಿಯ ಕೆಳಗೆ ತಾವೇ ಹಿಡಿದು ನಿಂತರು. ಅವಳು ಎಳೆದುಕೊಂಡರೂ ಬಿಡಲಿಲ್ಲ. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದವರೂ ಅವರೇ. ಇದನ್ನು ಬಿಟ್ಟು ಅವರ ಬಗ್ಗೆ ಬರೆದರೆ ನಾನೂ ಅನ್ಯಾಯ ಮಾಡಿದಂತೆ.

ಆಮೇಲೆ ಆ ಕೈಯ ಬೆರಳುಗಳನ್ನು ಮಡಚಲಾಗಲಿಲ್ಲ. ಚಿಕಿತ್ಸೆಯ ಖರ್ಚು, ಪರಿಹಾರ, ಆ ಕೈಯಿಂದ ಆಗುವಂಥ ಬೇರೊಂದು ಕೆಲಸ ಕೊಡಿ ಎಂದು ಅವಳು ಕೇಳಿದಳು. ಕಂಪನಿ ಅವಳ ಕಾರ್ಡ್ ತೋರಿಸಿತು. ಏಳಕ್ಕೆ ಹೋದವಳಿಗೆ ಇಲ್ಲಿ ಏನಾದೀತು? ಮನೆಯಲ್ಲಿ ಬಾತ್‌ರೂಮ್ ತೊಳೆಯುವ ಆಸಿಡ್ ಚೆಲ್ಲಿಕೊಂಡಿರಬೇಕು ಎಂದರು. ನಾವು ತಮಾಷೆಗೆ ಮನೆ ಮುಟ್ಟಿಸುತ್ತಿದ್ದವಳನ್ನು ಅವರು ನಿಜವಾಗಿಯೂ ಮುಟ್ಟಿಸಿಬಿಟ್ಟರು.

ನಾನು ಕಣ್ಣಾರೆ ಕಂಡಿದ್ದೇನೆ, ಬರೆದುಕೊಡುತ್ತೇನೆ ಎಂದು ಹೋದೆ. ಪರ್ಸೊನೆಲ್ ಆಫೀಸರ್ ನನ್ನ ಕಾರ್ಡನ್ನೂ ಹುಡುಕಿ ತೆಗೆದು ಮುಂದಿಟ್ಟ.

“ಮೇಡಂ, ಆಪ್ ಭೀ ತೋ ಘರ್ ಪೇ ಥೀ.”

ನೀವೂ ಮನೆಯಲ್ಲೇ ಇದ್ದಿರಲ್ಲ ಎಂದು, ನಗುನಗುತ್ತಾ. ಅಂದು ಲ್ಯಾಬಿನಲ್ಲಿದ್ದ ಎಲ್ಲ ಹೆಂಗಸರ ಪಾಡೂ ಅದೇ. ಓಟಿಯನ್ನಷ್ಟೇ ಕಳೆದುಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದೆವು. ಅದರ ಜೊತೆ ನಮ್ಮ ಕಣ್ಣು, ಬಾಯಿಯೂ ಹೋಗಿತ್ತು. ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿದ್ದವರು ಯಾರಾದರೂ ಹೇಳಿಕೆ ಕೊಡುತ್ತಾರೆಯೇ ಎಂದು ಲೇಬರ್ ಆಫೀಸಿನಲ್ಲಿ ಕೇಳಿದರು. ಅಂದು ಲ್ಯಾಬಿನಲ್ಲಿ ಕಾರ್ಡಿನ ಪ್ರಕಾರ ಅಂಥವರು ಒಬ್ಬರೇ ಇದ್ದರು. ಆಸ್ಪತ್ರೆಯಿಂದ ಮರಳಿ ಬಂದು ಪಂಚ್ ಮಾಡಿ, ಆ ದಿನದ ಓಟಿಯನ್ನೂ ಪಡೆದಿದ್ದ ನನ್ನ ಮಾವ.

ಮಾವನ ಮನೆಗೆ ಹೋಗಿ ಬೇಡಿಕೊಂಡೆ.

“ನಮ್ಮೂರಿನವರು ಎಷ್ಟು ಮಂದಿ ಅಲ್ಲಿ ಅನ್ನ ತಿಂತಾ ಇದ್ದಾರೆ ಗೊತ್ತುಂಟಾ? ನಾನು ಬಾಯಿ ಬಿಟ್ಟರೆ ಎಲ್ಲರ ಹೊಟ್ಟೆಗೆ ಪೆಟ್ಟು ಬರ್ತದೆ. ನೀನು ಸುಮ್ಮನಿರು ಮಾರಾಯ್ತಿ,” ಎಂದರು. ಈ ಹುಡುಗಿಯನ್ನು ಓದಿಸಿದ್ದು ಹೆಚ್ಚಾಯಿತು ಎಂದು ಒಳಗಿಂದ ಅತ್ತೆ ಗೊಣಗಿದರು.

ಅಕ್ಕನ ಅರ್ಜಿ ಬಿದ್ದುಹೋಯಿತು, ಕೆಲಸವೂ ಹೋಯಿತು. ನಾನು ಆ ವರ್ಷವೇ ಅಲ್ಲಿನ ಕೆಲಸ ಬಿಟ್ಟೆ. ಪ್ರತಿಭಟಿಸಿ ಬಿಟ್ಟೆನೆಂದು ಹೇಳಿಕೊಳ್ಳಲು ಆಸೆಯಾಗುತ್ತದೆ, ಆದರೆ ಆಗ ನನ್ನ ಮದುವೆ ನಿಶ್ಚಯವಾಗಿತ್ತು. ಎರಡರಲ್ಲಿ ಯಾವುದು ಕಾರಣವೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಹತ್ತು ಹನ್ನೆರಡು ವರ್ಷಗಳ ಮೇಲೆ, ನಿವೃತ್ತರಾಗಿ ಕಾಮೋಠೆಯಲ್ಲಿ ಮಗನ ಜೊತೆಗಿದ್ದ ಮಾವನನ್ನು ನೋಡಲು ಹೋಗಿದ್ದೆ. ಕಾರ್ಖಾನೆಯ ಮಾತು ಅವರೇ ತೆಗೆದರು. ತಮ್ಮ ಲ್ಯಾಬಿನಲ್ಲಿ ಇಷ್ಟು ವರ್ಷಗಳಲ್ಲಿ ಒಂದೂ ಆಕ್ಸಿಡೆಂಟ್ ಆಗಿರಲಿಲ್ಲ ಎಂದು ಮೊಮ್ಮಗಳಿಗೆ ಹೇಳುತ್ತಿದ್ದರು. ತಡೆಯಲಾಗದೆ ಒಂದು ಮಾತು ಕೇಳಿದೆ. ನನಗೆ ಚಹಾ ಕೊಡಲು ಅತ್ತೆಗೆ ಹೇಳಿ ಎದ್ದು ಬಾಲ್ಕನಿಗೆ ಹೋದರು. ಈಗಲೂ ಫೋನಿನಲ್ಲಿ ಮೊಣಕಾಲು ನೋವು, ನೀರಿನ ತೊಂದರೆ ಎಲ್ಲ ಹೇಳುತ್ತಾರೆ. ಅಂದು ನಾನು ಕೇಳಿದ್ದು ಇಷ್ಟೇ:

“ಮಾವ, ಆವತ್ತು ನಳ್ಳಿ ಕೆಳಗೆ ನೀವು ಹಿಡಿದುಕೊಂಡು ನಿಂತದ್ದು ಯಾರ ಕೈ?”