ನೀರು ಒಯ್ದದ್ದನ್ನು ಎಲ್ಲಿ ಇಡುತ್ತದೆ

ಮದುವೆಯಾಗಿ ಶಹಾಬಾದಿಗೆ ಬಂದ ಐದನೆಯ ದಿನ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ನನ್ನ ಗಂಡನ ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. ಅಲ್ಲಿಯತನಕ ಅವಳು ನನ್ನ ಜೊತೆ ನಾಲ್ಕು ಮಾತೂ ಆಡಿರಲಿಲ್ಲ. ಒಂದು ತಂಬಿಗೆ ಎತ್ತಿಕೊಂಡು ಅದಕ್ಕೆ ಬೂದಿ ಹಚ್ಚುತ್ತ, ನನ್ನ ಮುಖ ನೋಡದೆ ಕೇಳಿದಳು:

"ನಿನಗ ಈಸಲಿಕ್ಕ ಬರ್ತದಂತ, ಖರೇ ಏನು?"

ನನ್ನ ತವರು ಗುಂಡಗುರ್ತಿ. ಹೊಲದ ಬಾವಿಯಲ್ಲಿ ಅಣ್ಣಂದಿರ ಜೊತೆ ಬಿದ್ದು ಎದ್ದು ಈಜು ಕಲಿತಿದ್ದೆ. ಗಂಡನ ಮನೆಯಲ್ಲಿ ಆ ಮಾತು ಎತ್ತಬೇಡ ಎಂದು ಅವ್ವ ಹೇಳಿ ಕಳಿಸಿದ್ದಳು. ಆದರೆ ಮದುವೆಯ ಊಟಕ್ಕೆ ಕುಳಿತಾಗ ಸಣ್ಣ ಅಣ್ಣನೇ ಜಂಬದಿಂದ ಹೇಳಿಬಿಟ್ಟಿದ್ದನಂತೆ.

"ಬರ್ತದ್ರಿ ಅಕ್ಕಾ" ಎಂದೆ ಅಂಜುತ್ತ.

"ನನಗ ಕಲಸ್ತೀ?"

ಇಪ್ಪತ್ತಾರು ಇಪ್ಪತ್ತೇಳರ ಹೆಂಗಸು, ನನಗಿಂತ ಏಳೆಂಟು ವರ್ಷ ದೊಡ್ಡವಳು, ಹೀಗೆ ಕೇಳಿದ್ದು ನನಗೆ ನಗು ತರಿಸಬೇಕಿತ್ತು. ತರಿಸಲಿಲ್ಲ. ಅವಳ ಸಂಗತಿ ನನಗೆ ಗೊತ್ತಿತ್ತು. ಆಗ ಪೊಲೀಸ್ ಆ್ಯಕ್ಷನ್ ಆಗಿ ಮೂರು ವರ್ಷ ಕಳೆದಿತ್ತು. ಅದು ಆಗುವುದಕ್ಕೆ ತುಸು ಮೊದಲು, ಊರೂರಲ್ಲೂ ಕೊಲೆ ಸುಲಿಗೆಯ ಗದ್ದಲವಿದ್ದ ಆ ಮಳೆಗಾಲದಲ್ಲಿ, ಅವಳೂ ಅವಳ ಗಂಡನೂ ಈ ಮನೆಯಲ್ಲಿ ಬಂದು ಇದ್ದರು. ಒಂದು ನಸುಕಿನಲ್ಲಿ ಅವನು ಕಾಗಿಣಾ ಹೊಳೆ ದಾಟಿ ತನ್ನ ಊರಿಗೆ ಹೋಗಿ ತಾಯಿಯನ್ನು ನೋಡಿ ಬರುತ್ತೇನೆಂದು ಹೊರಟ. ಹರಿಗೋಲು ನಿಂತುಹೋಗಿತ್ತು, ದೂರದ ರೈಲುಸೇತುವೆಯ ಮೇಲೆ ಕಾವಲಿತ್ತು. ಈಜಿಯೇ ದಾಟುತ್ತೇನೆ ಎಂದ. ಹೊಳೆಯ ದಂಡೆಯತನಕ ಇವಳೇ ಹೋಗಿ ಬಿಟ್ಟುಬಂದಳು. ಅವನು ಆಚೆಯ ಊರು ಮುಟ್ಟಲಿಲ್ಲ, ಈಚೆಗೂ ತಿರುಗಿ ಬರಲಿಲ್ಲ. ನೀರು ಒಯ್ಯಿತೋ, ದಾರಿಯಲ್ಲಿ ಯಾರಾದರೂ ಕೊಂದು ಹಾಕಿದರೋ, ಹೇಳುವವರಿರಲಿಲ್ಲ. ಹೆಣ ಸಿಗಲಿಲ್ಲ. ಹೀಗಾಗಿ ಮಣ್ಣೂ ಆಗಲಿಲ್ಲ. ಅಕ್ಕ ಬಳೆ ಇಟ್ಟುಕೊಂಡು, ಕುಂಕುಮ ಹಚ್ಚಿಕೊಂಡು, ಕಾಲುಂಗುರದ ಸಪ್ಪಳ ಮಾಡುತ್ತ ತವರಿನಲ್ಲೇ ಉಳಿದಿದ್ದಳು. ಮುತ್ತೈದೆಯರ ಕರೆ ಬಂದಾಗ ಹೋಗಬೇಕೋ ಬಿಡಬೇಕೋ ಎಂದು ಅವಳಿಗೂ ತಿಳಿಯುತ್ತಿರಲಿಲ್ಲ, ಕರೆಯುವವರಿಗೂ ತಿಳಿಯುತ್ತಿರಲಿಲ್ಲ.

ಕಲಿಸಲು ಒಪ್ಪಿದೆ. ಮನೆಯಲ್ಲಿ ಗಂಡಸರ ಕಾಟವಿರಲಿಲ್ಲ. ಮಾವ ತೀರಿಹೋಗಿದ್ದರು. ನನ್ನ ಗಂಡ ವಾಡಿಯ ಮಾಲುಗಾಡಿಗಳಿಗೆ ಹಾಸುಗಲ್ಲು ಹೇರಿಸುವ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದವರು ಅತ್ತೆ ಒಬ್ಬರೇ. ಭಂಕೂರದ ದಾರಿಯಲ್ಲಿ ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಗಣಿಯೊಂದಿತ್ತು, ಮಳೆನೀರು ನಿಂತು ಕೆರೆಯಂತಾಗಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ಒಗೆಯುವ ಅರಿವೆಯ ಗಂಟು ಹೊತ್ತು ಅಲ್ಲಿಗೆ ಹೋಗುತ್ತಿದ್ದೆವು. ಅಕ್ಕ ಸೀರೆಗೆ ಕಚ್ಚೆ ಹಾಕಿ, ಬೆನ್ನಿಗೆ ಎರಡು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನೀರಿಗಿಳಿದಳು. ಮೊದಲ ದಿನವೇ ತಲೆ ಮುಳುಗಿಸಿ, ಕಣ್ಣು ಬಿಟ್ಟು ತಳ ನೋಡಿದಳು. ಕಲಿಯುವವರು ಯಾರೂ ಹಾಗೆ ಮಾಡುವುದಿಲ್ಲ. ಎಲ್ಲರೂ ಕಣ್ಣು ಮುಚ್ಚುತ್ತಾರೆ. ಒಂದು ತಿಂಗಳಲ್ಲಿ ಬುರುಡೆ ಬಿಟ್ಟು ಈಜಿದಳು.

ಮುಂದಿನ ಮಳೆಗಾಲಕ್ಕೆ "ಇನ್ನ ಹೊಳಿಗಿ ಹೋಗಮು" ಎಂದಳು.

ಹೊಳೆ ಎಂದರೆ ನನಗೂ ಹೊಸದು. ಬಾವಿಯ ನೀರು ನಿಂತಿರುತ್ತದೆ, ನಾವು ಹೋಗಬೇಕು. ಇಲ್ಲಿ ನೀರೇ ಒಯ್ಯುತ್ತದೆ. ಹಳೆಯ ಮಂಚದ ಎರಡು ಹಲಗೆಗೆ ತುದಿಗೊಂದರಂತೆ ಬುರುಡೆ ಕಟ್ಟಿ, ಅದನ್ನು ಎದೆಯ ಕೆಳಗೆ ಹಾಕಿಕೊಂಡು ಮಲಗಿ, ಕಾಲು ಬಡಿಯುತ್ತ ಹರಿವಿನ ಜೊತೆ ಹೋಗುವುದನ್ನು ನಾವಾಗಿಯೇ ಕಂಡುಕೊಂಡೆವು. ದಂಡೆಯಲ್ಲಿ ಹೆಡೆ ಕೆತ್ತಿದ ಒಂದು ನಾಗರಕಲ್ಲಿತ್ತು. ಅದರ ಕೆಳಗೆ ಹೊಳೆಯ ತಳದಲ್ಲಿ ಹಾಸುಗಲ್ಲಿನ ಮೆಟ್ಟಿಲುಗಳಿದ್ದವು. ತುಂಬಿದ ನೀರು ಅವುಗಳ ಮೇಲಿಂದ ಜಾರಿ ಬಿದ್ದು, ಮತ್ತೆ ಎದ್ದು, ಹೊದಿಕೆಯ ಮಡಿಕೆಯಂತೆ ನಿಲ್ಲುತ್ತಿತ್ತು. ನೀರು ಓಡುತ್ತಿತ್ತು, ಮಡಿಕೆ ಮಾತ್ರ ಅಲ್ಲೇ ಇರುತ್ತಿತ್ತು. ಹಲಗೆಯನ್ನು ಸರಿಯಾಗಿ ಹಿಡಿದರೆ ಅದರ ಇಳಿಜಾರಿನ ಮೇಲೆ ಹತ್ತು ಉಸಿರಿನಷ್ಟು ಹೊತ್ತು ನಿಂತಲ್ಲೇ ನಿಲ್ಲಬಹುದಿತ್ತು. ಹೋದ ಕೂಡಲೇ ಒಂದೆರಡು ಸಲ ಅಕ್ಕನೂ ನನ್ನ ಪಕ್ಕದಲ್ಲೇ ಹಲಗೆಯ ಮೇಲೆ ಇರುತ್ತಿದ್ದಳು. ಇಡೀ ಹೊಳೆ ನನ್ನ ಹೊಟ್ಟೆಯ ಕೆಳಗಿಂದ ಹಾದುಹೋಗುತ್ತಿತ್ತು. ನಾನು ಕಿರುಚಿಬಿಡುತ್ತಿದ್ದೆ. ಹೊಸ ಮನೆ, ತಲೆಯ ಮೇಲೆ ಸೆರಗು, ತಗ್ಗಿಸಿದ ದನಿ, ಎಲ್ಲವೂ ಅಲ್ಲಿ ಕಳಚಿ ಹೋಗುತ್ತಿದ್ದವು.

ಹೋಗುವ ದಿನವನ್ನು ಹಿಂದಿನ ಸಂಜೆಯೇ ಗೊತ್ತು ಮಾಡಬೇಕಿತ್ತು. ಆ ಲೆಕ್ಕ ಅಕ್ಕನದು. ಸೇಡಂನಿಂದ ಬದನೆಕಾಯಿ ಬುಟ್ಟಿ ಹೊತ್ತು, ವಾಡಿಯಲ್ಲಿ ಗಾಡಿ ಬದಲಿಸಿ ಬರುವ ಒಬ್ಬ ಹೆಂಗಸಿದ್ದಳು. ಅಕ್ಕ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು ಕೇಳುತ್ತಿದ್ದಳು: "ನಿಮ್ಮ ಕಡಿ ಹೊಳಿ ಹ್ಯಾಂಗದ? ಕುರಕುಂಟಾ ಕಡಿ ಮಳಿ ಆಗ್ಯಾದೇನು?" ನೀರಿನ ಬಣ್ಣವನ್ನೂ ಓದುತ್ತಿದ್ದಳು. ಕೆಂಪಾಗಿದ್ದರೆ ಚಿಂಚೋಳಿಯ ಮಳೆ, ಎರಡು ದಿನ ಏರುತ್ತಲೇ ಇರುತ್ತದೆ, ಹೋಗಬಾರದು. ಕಪ್ಪು ಬೆರೆತ ಕಂದು ಇದ್ದರೆ ಸೇಡಂ ಚಿತ್ತಾಪುರದ ಎರೆಭೂಮಿಯ ನೀರು, ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಎಲ್ಲ ಸರಿ ಇದ್ದರೆ ರೊಟ್ಟಿ ಬಡಿಯುತ್ತ, ಅತ್ತೆಗೆ ಕೇಳುವಂತೆ, "ನಾಳಿ ಅರಿವಿ ಭಾಳ ಅವ" ಎನ್ನುತ್ತಿದ್ದಳು.

"ಅಷ್ಟು ದೂರ ಹೊಳಿಗಿ ಯಾಕ ಹೋಗ್ತೀರೆ? ಗಣಿ ನೀರು ಇಲ್ಲೇನು?" ಎಂದು ಅತ್ತೆ ಒಮ್ಮೆ ಕೇಳಿದರು.

"ಗಣಿ ನೀರಿನ್ಯಾಗ ಸುಣ್ಣ ಭಾಳ ಅದ ಯವ್ವಾ, ಅರಿವಿ ಹರೀತಾವ" ಎಂದಳು ಅಕ್ಕ. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

ನಾನು ಅದನ್ನೆಲ್ಲ ಆಟವೆಂದೇ ತಿಳಿದಿದ್ದೆ. ದುಃಖದ ಹೆಂಗಸಿಗೆ ಒಂದು ಗೆಲುವು ಸಿಕ್ಕಿತು ಎಂದುಕೊಂಡಿದ್ದೆ. ಆದರೆ ಅವಳು ಹೋಗುವಾಗ ಪ್ರತಿ ಸಲ ಜೋಳದ ದಂಟಿನ ಒಂದು ಕಟ್ಟು ಒಯ್ಯುತ್ತಿದ್ದಳು. ಕೆಂಪು ಬಟ್ಟೆಯ ಚಿಂದಿ ಸುತ್ತಿ, ನಾಗರಕಲ್ಲಿನ ಹತ್ತಿರ ನೀರಿಗೆ ಬಿಟ್ಟು, ಅದರ ಹಿಂದೆ ಹಲಗೆಯ ಮೇಲೆ ಹೋಗುತ್ತಿದ್ದಳು. ನಾನು ಮಡಿಕೆಯ ಮೇಲೆ ಆಡುತ್ತಿದ್ದಾಗ ಅವಳು ಕೆಳಗೆ, ಇನ್ನೂ ಕೆಳಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ದಂಡೆಗುಂಟ ನಡೆದು ಬರುತ್ತಿದ್ದಳು. ಒಂದು ಮುಂಜಾನೆ ಅವಳ ಮೊಣಕಾಲು ಕಲ್ಲಿಗೆ ತರಚಿ ರಕ್ತ ಸೋರುತ್ತಿತ್ತು. ನನಗೆ ಸಿಟ್ಟು ಬಂತು.

"ಆ ದಂಟಿನ ಕಟ್ಟಿನ ಬೆನ್ನ ಹತ್ತಿ ಸಾಯ್ತೀರೇನ್ರಿ ಅಕ್ಕಾ?"

ಅವಳು ಸೀರೆಯ ಸೆರಗು ಹಿಂಡುತ್ತ ಹೇಳಿದಳು: "ಅವರು ಇಲ್ಲೇ ಇಳಿದದ್ದು. ಬೆಳಕ ಹರೀತದ, ನೀ ಹೋಗು ಅಂದ್ರು. ನಾ ತಿರುಗಿ ನೋಡ್ಲಿಲ್ಲ. ಇಲ್ಲಿ ಬಿಟ್ಟಿದ್ದನ್ನ ನೀರು ಎಲ್ಲಿ ಒಯ್ದು ಇಡ್ತದ, ಅಷ್ಟ ನೋಡಲಿಕತ್ತೀನಿ."

ಒಬ್ಬ ಮನುಷ್ಯನನ್ನು ನುಂಗಿದ್ದ ನೀರಿನ ಮೇಲೆ ನಾನು ಎರಡು ತಿಂಗಳು ಕೇಕೆ ಹಾಕಿದ್ದೆ. ಅದು ಗೊತ್ತಾದ ಮೇಲೆ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಮರುದಿನವೂ ಹೋದೆ, ಮಡಿಕೆಯ ಮೇಲೆ ಮಲಗಿದಾಗ ಮತ್ತೆ ಅದೇ ಸುಖ ಬಂತು. ಕಿರುಚುವುದನ್ನು ಮಾತ್ರ ನಿಲ್ಲಿಸಿದೆ.

ಗಂಡ ಹೊಳೆಗೆ ಇಳಿದ ದಿನ ನೀರು ನಾಗರಕಲ್ಲಿನ ಹೆಡೆಯ ಬುಡದತನಕ ಇತ್ತು ಎಂದು ಅವಳಿಗೆ ನೆನಪಿತ್ತು. ನಾವು ಇಳಿಯುತ್ತಿದ್ದ ನೀರು ಅದಕ್ಕಿಂತ ಯಾವಾಗಲೂ ಕಡಿಮೆ. ಕಡಿಮೆ ನೀರಿನಲ್ಲಿ ದಂಟಿನ ಕಟ್ಟು ನಡುವಿನ ಬಂಡೆಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ಸೇಡಂನ ಹೆಂಗಸು, "ಹೊಳಿ ದಂಡಿ ಮೀರ್ಯಾದ, ಭಾಳ ಜೋರ ಅದ" ಎಂದಳು. ಅಕ್ಕ ರೊಟ್ಟಿ ಬಡಿಯುತ್ತ "ನಾಳಿ ಅರಿವಿ ಭಾಳ ಅವ" ಎಂದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವಳು ಹಿಟ್ಟಿನ ಕೈಯಿಂದ ನನ್ನ ಕೈ ಮುಟ್ಟಿದಳು. "ನೀ ಬರಬ್ಯಾಡ" ಎಂದಳು. ಹೋದೆ.

ನೀರು ಹೆಡೆಯ ಬುಡಕ್ಕೇ ಇತ್ತು. ಮಡಿಕೆ ಕಾಣಿಸುತ್ತಿರಲಿಲ್ಲ, ಮೆಟ್ಟಿಲುಗಳೆಲ್ಲ ಆಳದಲ್ಲಿ ಹೂತು ಹೋಗಿದ್ದವು. ಸಪ್ಪಳವೂ ಇರಲಿಲ್ಲ, ಅದೇ ಹೆಚ್ಚು ಹೆದರಿಕೆ. ಅಕ್ಕ ದಂಟಿನ ಕಟ್ಟು ಬಿಟ್ಟಳು, ನಾವಿಬ್ಬರೂ ಹಲಗೆಯ ಮೇಲೆ ಬಿದ್ದೆವು. ಕಾಲು ಬಡಿಯುವ ಕೆಲಸವೇ ಇರಲಿಲ್ಲ. ದಂಡೆಯ ಜಾಲಿಮರಗಳು ಓಡಿಹೋಗುತ್ತಿದ್ದವು. ಕೆಂಪು ಚಿಂದಿ ಮುಂದೆ ಮುಂದೆ ಕಾಣುತ್ತಿತ್ತು. ಎರಡು ತಿರುವು ದಾಟಿದ ಮೇಲೆ ಅದು ಇದ್ದಕ್ಕಿದ್ದಂತೆ ನಡುಹೊಳೆ ಬಿಟ್ಟು ಆಚೆಯ ದಂಡೆಗೆ ಹೊರಳಿತು. ನಮ್ಮ ಹಲಗೆಗಳೂ ತಾವಾಗಿಯೇ ಹೊರಳಿದವು. ಅಲ್ಲಿ ನೀರು ಸುತ್ತು ಹಾಕಿ, ನೊರೆ, ಕಡ್ಡಿ, ಸತ್ತ ಕೋಳಿ, ಹರಿದ ಬುಟ್ಟಿ ಎಲ್ಲವನ್ನೂ ಜಾಲಿಯ ಬೇರುಗಳಲ್ಲಿ ತಂದು ಇಟ್ಟಿತ್ತು. ನಮ್ಮನ್ನೂ ಅವುಗಳ ನಡುವೆ ಇಟ್ಟಿತು.

ಮೇಲಿನಿಂದ ಒಬ್ಬ ಮುದುಕಿ ಉದ್ದನೆಯ ಕೋಲು ಚಾಚಿದಳು. ಅಂಬಿಗರ ಮುದುಕಿ, ಹತ್ತಿರದಲ್ಲೇ ಅವಳ ಗುಡಿಸಲು. ನಮ್ಮನ್ನು ಎಳೆದುಕೊಂಡು, ಬೆಂಕಿಯ ಮುಂದೆ ಕೂರಿಸಿ, ಬಿಸಿ ಅಂಬಲಿ ಕೊಟ್ಟಳು.

"ಉಸಿರು ಇದ್ದವರು ಇಲ್ಲಿಗಿ ಬಂದದ್ದು ಇದ ಮೊದಲ ಯವ್ವಾ" ಎಂದಳು.

ಅಕ್ಕ ಬಟ್ಟಲು ಕೆಳಗಿಟ್ಟಳು. "ಉಸಿರು ಇಲ್ಲದವರು ಬಂದಾರೇನು ಆಯಿ?"

"ಗದ್ದಲದ ವರ್ಷ ಮೂರು ಮಂದಿ ಬಂದ್ರು. ಒಂದ ಮಳಿಗಾಲದಾಗ. ನನ್ನ ಮುದುಕ ತಗದು ಮಣ್ಣ ಕೊಟ್ಟ. ಒಬ್ಬಾಂವನ ಕೊರಳಾಗ ನಿಮ್ಮ ಹಂಗ ಲಿಂಗ ಇತ್ತು. ಅವಗ ನಿಮ್ಮವರ ಹಂಗ ಕುಂದರಿಸಿನ ಮಣ್ಣ ಕೊಟ್ಟೀವಿ. ಲಿಂಗ ಅವನ ಕೈಯಾಗ ಇಟ್ಟು."

"ಮಾರಿ ನೋಡಿದ್ರೇನು?"

"ಮಾರಿ ಎಲ್ಲಿಂದ ಇರ್ತದ ಯವ್ವಾ, ಮೀನು ಬಿಡ್ತಾವೇನು."

ಅಕ್ಕ ತನ್ನ ಕಿರಿಬೆರಳು ಬಾಗಿಸಿ ತೋರಿಸುತ್ತ, "ಎಡಗೈ ಕಿರಿಬೆರಳು ಡೊಂಕ ಇತ್ತೇನು?" ಎಂದಳು.

"ಮುದುಕಗ ಗೊತ್ತಿತ್ತೇನೋ. ಕೈಯಾಗ ಲಿಂಗ ಇಟ್ಟಾಂವ ಅವನ. ಹೋದ ವರ್ಷ ತೀರಿಕೊಂಡ."

ಗುಡಿಸಲ ಹಿಂದೆ ಮೂರು ದಿಬ್ಬಗಳಿದ್ದವು, ಒಂದೊಂದರ ಮೇಲೆ ಒಂದೊಂದು ಹಾಸುಗಲ್ಲು. ಯಾವುದು ಯಾರದೆಂದು ಮುದುಕಿಗೂ ನೆನಪಿರಲಿಲ್ಲ. ಅಕ್ಕ ಒದ್ದೆ ಸೀರೆಯಲ್ಲೇ ಅವುಗಳ ಎದುರು ಕುಳಿತಳು. ಅಳಲಿಲ್ಲ. ಒಲೆಯ ಬೂದಿ ಕೇಳಿ ತಂದು, ಮೂರೂ ಕಲ್ಲಿಗೆ ವಿಭೂತಿಯಂತೆ ಮೂರು ಮೂರು ಬೆರಳು ಎಳೆದಳು. ಬೇಲಿಯ ಹೂ ಕಿತ್ತು ಮೂರಕ್ಕೂ ಇಟ್ಟಳು.

ಮುದುಕಿಯ ಮಗ ನಮ್ಮನ್ನು ದೂರದ ರೈಲುಸೇತುವೆಯತನಕ ತಂದು ಬಿಟ್ಟ. ಅಲ್ಲಿಂದ ಮನೆಗೆ ನಡೆಯುತ್ತ ಅಕ್ಕ ಒಂದೇ ಮಾತು ಆಡಿದಳು.

"ನಿನಗ ಹಲಗಿ ಮ್ಯಾಲ ಖುಷಿ ಆಗತಿತ್ತು, ಹೌದಲ್ಲ?"

ಸುಳ್ಳು ಹೇಳಲಾಗಲಿಲ್ಲ. ಹೌದೆಂದೆ.

"ನನಗೂ ಆಗತಿತ್ತು" ಎಂದಳು. "ಅದ ನನಗ ತಡಕೊಳ್ಳಲಿಕ್ಕ ಆಗವಲ್ದು."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು, ಹಲಗೆಯ ಸಂಗತಿಯನ್ನೂ. ಅತ್ತೆ ನಮ್ಮಿಬ್ಬರ ಮೇಲೂ ಕೂಗಾಡಿದರು, ಆಮೇಲೆ ಮಗಳನ್ನು ತಬ್ಬಿಕೊಂಡು ಅತ್ತರು. ವಾಡಿಯಿಂದ ನನ್ನ ಗಂಡ ಬಂದ ಮೇಲೆ ಮಠದ ಅಯ್ಯನವರನ್ನು ಕರೆದುಕೊಂಡು ಎಲ್ಲರೂ ಆ ದಂಡೆಗೆ ಹೋದೆವು. ಅಕ್ಕ ಅಲ್ಲೇ ಬಳೆ ತೆಗೆದಿಟ್ಟಳು. ಸುದ್ದಿ ಕೇಳಿ ಅವಳ ಭಾವ ಸಿಟ್ಟಿನಿಂದ ಬಂದು ಅಂಗಳದಲ್ಲಿ ನಿಂತ.

"ನನ್ನ ತಮ್ಮ ಸತ್ತಾನಂತ ಯಾರ ಹೇಳ್ಯಾರ? ಹೈದರಾಬಾದಿನ್ಯಾಗ ಅವನ ನೋಡಿದವರು ಅದಾರ!"

"ಇದ್ದರ ಬರಲಿ" ಎಂದಳು ಅಕ್ಕ. "ಬಳಿ ಮತ್ತ ಇಡ್ತೀನಿ. ನಾ ಇಲ್ಲೇ ಇರ್ತೀನಿ, ಎಲ್ಲಿಗೂ ಹೋಗಂಗಿಲ್ಲ."

ಯಾರೂ ಬರಲಿಲ್ಲ. ಎರಡು ವರ್ಷದ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿತು. ಮಕ್ಕಳು ಅವಳನ್ನು ಬಿಡುತ್ತಿರಲಿಲ್ಲ. ಹೊಳೆಯ ಕಡೆ ಅವಳು ಮತ್ತೆ ಹೋಗಲಿಲ್ಲ.

ನಾನು ಹೋದೆ. ನನ್ನ ಮಗಳಿಗೆ ವರ್ಷ ತುಂಬಿದ ಮೇಲೆ, ಒಂದೇ ಸಲ, ಯಾರಿಗೂ ಹೇಳದೆ. ನೀರು ನಮಗೆ ಬೇಕಾದಷ್ಟೇ ಇತ್ತು, ಕಪ್ಪು ಬೆರೆತ ಕಂದು. ಹಲಗೆಯ ಮೇಲೆ ಮಲಗಿ ಮಡಿಕೆಯ ಮೇಲೆ ನಿಂತೆ. ನಾಲ್ಕು ಉಸಿರು ಎಳೆದಿರಬೇಕು, ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸಿತು. ಈಜಿ ದಣಿದವರ ಉಸಿರು, ಬಾಯಿಯಿಂದ ನೀರು ಉಗುಳುತ್ತ ಎಳೆದುಕೊಳ್ಳುವ ಉಸಿರು. ತಿರುಗಿ ನೋಡಿದೆ. ನೀರಿನ ಹೊರತು ಏನೂ ಇರಲಿಲ್ಲ. ಹಲಗೆಯನ್ನು ಅಲ್ಲೇ ಬಿಟ್ಟು ದಂಡೆಗೆ ಈಜಿದೆ.

ಒಂದು ವಾರ ತಡೆದುಕೊಂಡು ಕೊನೆಗೆ ಅಕ್ಕನಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಬೈಯಲಿಲ್ಲ, ನಗಲೂ ಇಲ್ಲ.

"ಯಾವ ಕಡಿ ಕೇಳಿಸ್ತು?"

"ಬಲಗಡಿಗ್ರಿ ಅಕ್ಕಾ."

"ನಾ ಯಾವಾಗಲೂ ನಿನ್ನ ಎಡಗಡಿ ಇರತಿದ್ದೆ" ಎಂದು ಅವಳು ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.