ಬಸಪ್ಪಣ್ಣನಿಗೆ ಗಾಂಜಾ ಗಿಡ ಬೇಕಾಗಿತ್ತು

"ಟೀಚರಮ್ಮಾ, ಗಾಂಜಾ ಗಿಡ ಬೆಳಸೋದು ನನಗೊಂದೀಟು ಕಲಿಸಿಕೊಡ್ರಿ."

ಭಾನುವಾರ ಬೆಳಿಗ್ಗೆ ನಮ್ಮ ತಾರಸಿಯ ಮೇಲೆ, ಬದನೆ ಕುಂಡಗಳ ನಡುವೆ ನಿಂತು ಈ ಮಾತು ಹೇಳಿದವರು ಕಾಲೇಜು ಹುಡುಗರಲ್ಲ. ಹುಡುಗರಾಗಿದ್ದರೆ ಕಿವಿ ಹಿಂಡಿ ಕಳಿಸುತ್ತಿದ್ದೆ. (ಇಪ್ಪತ್ತೆಂಟು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಹೇಳಿದ ಕೈ. ರಿಟೈರ್ ಆದರೂ ತುರಿಸುತ್ತದೆ.)

ಹೇಳಿದವರು ಚನ್ನಬಸಪ್ಪ. ನಮ್ಮ ಓಣಿಗೆಲ್ಲ ಬಸಪ್ಪಣ್ಣ. ಅರವತ್ತೈದು ದಾಟಿದೆ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ತೆಲುಗು ಸೀಮೆಯ ನಮ್ಮ ಆದೋನಿಯಲ್ಲಿ ನಲವತ್ತು ವರ್ಷದಿಂದ ಹತ್ತಿ ವ್ಯಾಪಾರ. ಬೀಡಿ ಸೇದಿದವರಲ್ಲ, ಎಲೆ ಅಡಿಕೆ ಹಾಕಿದವರಲ್ಲ. ಮದುವೆ ಮನೆಯಲ್ಲಿ ಸ್ವೀಟ್ ಪಾನ್ ಕೊಟ್ಟರೆ ಕಾಗದದಲ್ಲಿ ಸುತ್ತಿ ಹೆಂಡತಿಗೆ ಒಯ್ಯುವ ಮನುಷ್ಯ. (ಹೆಸರು ಬದಲಿಸಿದ್ದೇನೆ. ಆದೋನಿಯವರು ಯಾರೆಂದು ಕಂಡುಹಿಡಿದರೆ ದಯವಿಟ್ಟು ಸುಮ್ಮನಿರಿ.)

ನಾನು ಮೊದಲು ನಕ್ಕೆ. ಅವರು ನಗಲಿಲ್ಲ.

ಜೇಬಿನಿಂದ ಒಂದು ನೋಟ್‌ಬುಕ್ ತೆಗೆದರು. ತೆಲುಗಿನಲ್ಲಿ ದುಂಡಗೆ ಬರೆದ ಪುಟಗಳು. (ಮನೆಯಲ್ಲಿ ಕನ್ನಡ, ಬರವಣಿಗೆ ತೆಲುಗು. ನಮ್ಮ ಕಡೆ ಹೀಗೇ.) ನಡುನಡುವೆ ಪೆನ್ಸಿಲ್ಲಿನಲ್ಲಿ ಎಲೆಯ ಚಿತ್ರ. ವಿದೇಶದಲ್ಲಿ ಯಾರೋ ಒಬ್ಬ ಮನೆಯ ಬಾಲ್ಕನಿಯಲ್ಲಿ ಗಾಂಜಾ ಬೆಳೆದು, ಅದರ ಎಣ್ಣೆ ತೆಗೆದು, ತನ್ನ ತಾಯಿಯ ನೋವು ಕಡಿಮೆ ಮಾಡಿದನಂತೆ. ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಬರೆದುಕೊಂಡಿದ್ದಾರೆ.

"ಗ್ರೋ ಬ್ಯಾಗ್ ಮೂರು ತಂದೀನಿ. ಸಗಣಿ ಗೊಬ್ಬರ, ಬೇವಿನ ಹಿಂಡಿ, ಎಲ್ಲಾ ರೆಡಿ ಐತಿ. ಬೀಜ ಒಬ್ಬರು ತಂದುಕೊಡ್ತೀನಿ ಅಂದಾರ. ಗಿಡಾ ಸಾಕೋದು ನಿಮಗಿಂತ ಚಂದಾಗಿ ಯಾರಿಗೆ ಗೊತ್ತೈತ್ರಿ?"

"ಬಸಪ್ಪಣ್ಣಾರ, ಅದು ಕಾನೂನಿಗೆ ವಿರುದ್ಧ."

"ಕೆಮಿಕಲ್ ಒಂದು ಹನಿ ಹಾಕಂಗಿಲ್ರಿ. ಪೂರ್ತಿ ಆರ್ಗ್ಯಾನಿಕ್!"

ಆರ್ಗ್ಯಾನಿಕ್ ಎಂಬ ಪದದ ಮಹಿಮೆ ನೋಡಿ! ಆ ಒಂದು ಪದ ಅಂಟಿಸಿದರೆ ಬೆಲ್ಲ ಆರೋಗ್ಯವಾಗುತ್ತದೆ, ಸೋಪು ಪವಿತ್ರವಾಗುತ್ತದೆ, ಕೊನೆಗೆ ಗಾಂಜಾ ಕೂಡ ಮನೆ ಅಂಗಳದ ತುಳಸಿಯಾಗುತ್ತದೆ. ತಪ್ಪು ನನ್ನದೂ ಇದೆ. ಇದೇ ಅಂಕಣದಲ್ಲಿ ವರ್ಷಗಟ್ಟಲೆ ಸಾವಯವ, ಸಾವಯವ ಎಂದು ನಿಮ್ಮ ತಲೆ ತಿಂದವಳು ನಾನೇ ಅಲ್ಲವೇ?

"ಯಾರಿಗ್ರಿ ಇದು?" ಎಂದು ಕೇಳಿದೆ.

"ನಮ್ಮಾಕಿಗೆ," ಎಂದರು. ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟರು.

ಅವರ ಹೆಂಡತಿ ಗೌರಮ್ಮನಿಗೆ ಕಳೆದ ವರ್ಷ ಸರ್ಪಸುತ್ತು ಆಗಿತ್ತು. ಬೆನ್ನಿನಿಂದ ಎದೆಯವರೆಗೆ ಪಟ್ಟಿಯಂತೆ ಗುಳ್ಳೆ ಎದ್ದು, ಹದಿನೈದು ದಿನದಲ್ಲಿ ಒಣಗಿತು. ಗುಳ್ಳೆ ಹೋಯಿತು, ಉರಿ ಹೋಗಲಿಲ್ಲ. ಒಳಗಿನ ನರ ಕೆಂಡದಂತೆ ಉರಿಯುತ್ತಲೇ ಉಳಿಯಿತು. ಸೀರೆಯ ಸೆರಗು ತಾಕಿದರೂ ಚೀರುತ್ತಾರೆ. ಫ್ಯಾನ್ ಗಾಳಿ ಬೇಡ. ಮೊಮ್ಮಗಳು ಓಡಿ ಬಂದು ಅಪ್ಪಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿಯುತ್ತಾರೆ.

"ಡಾಕ್ಟರು ಕೊಟ್ಟ ಮಾತ್ರಿ ತಪ್ಪದ ನುಂಗ್ತಾಳ್ರಿ. ಏನೂ ಉಪಯೋಗ ಇಲ್ಲ. ಇಂಗ್ಲಿಷ್ ಔಷಧ ಮುಗೀತು. ಇನ್ನ ಇದೊಂದೇ ದಾರಿ."

"ಒಂದು ವಾರ ತಡೀರಿ," ಎಂದೆ.

"ಒಂದು ವಾರ ಅಂದ್ರ ಆಕಿಗೆ ಎಷ್ಟು ಉದ್ದ ಗೊತ್ತೇನ್ರಿ?" ಎಂದು ಮೆಟ್ಟಿಲಿಳಿದು ಹೋದರು.

ಮಧ್ಯಾಹ್ನ ಊಟವಾದ ಮೇಲೆ ನಾನೂ ಫೋನು ಹಿಡಿದು ಕೂತೆ. ಸುಳ್ಳು ಯಾಕೆ ಹೇಳಲಿ? ಅರ್ಧ ಅವರಿಗಾಗಿ, ಅರ್ಧ ನನ್ನ ಕುತೂಹಲಕ್ಕಾಗಿ. ಗಿಡ ಸಾಕುವವರ ಹುಚ್ಚೇ ಹಾಗೆ. ಯಾವ ಗಿಡದ ಹೆಸರು ಕೇಳಿದರೂ ಮಣ್ಣು ಎಂಥದ್ದು, ಬಿಸಿಲು ಎಷ್ಟು ಎಂದು ತಲೆ ಓಡುತ್ತದೆ. ಆದರೆ ನಮ್ಮ ದೇಶದ ಕಾನೂನು ಓದಿದ ಮೇಲೆ ತಲೆ ನಿಂತಿತು. ಲೈಸೆನ್ಸ್ ಇಲ್ಲದೆ ಒಂದೇ ಗಿಡ ಬೆಳೆಸಿದರೂ ಅಪರಾಧ. ಹವ್ಯಾಸಕ್ಕೆ ಅಂದರೂ ಅಪರಾಧ, ಹೆಂಡತಿಯ ನೋವಿಗೆ ಅಂದರೂ ಅಪರಾಧ. ಜೈಲು ಖಂಡಿತ ಇದೆ.

ನಮ್ಮ ಯಜಮಾನರು ಕನ್ನಡಕ ಏರಿಸಿ ನನ್ನ ಸ್ಕ್ರೀನ್ ನೋಡಿದರು. "ಇದೇನ ಇದು? ಪೆನ್ಷನ್ ಬ್ಯಾಡಾಯ್ತೇನು ನಿನಗ?"

ಮರುದಿನ ಬಸಪ್ಪಣ್ಣ ಮಾರ್ಕೆಟ್ ಯಾರ್ಡಿಗೆ ಹೋದ ಹೊತ್ತು ನೋಡಿ ಗೌರಮ್ಮನ ಬಳಿ ಹೋದೆ. ಕಳ್ಳತನದ ಭೇಟಿಯೇ ಅನ್ನಿ. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಒಗೆದು ಒಗೆದು ಬಣ್ಣವೇ ಹೋದ ಹಳೆಯ ಕಾಟನ್ ಸೀರೆ. ಹೊಸ ಬಟ್ಟೆ ಚುಚ್ಚುತ್ತದಂತೆ.

ಸುತ್ತಿ ಬಳಸದೆ ವಿಷಯ ಹೇಳಿಬಿಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಳುಚಿತು.

"ಆ ಚೀಲ ನೋಡಿ ನಾ ಏನೋ ಟೊಮಾಟಿ ಹಚ್ಚತಾರ ಅನ್ಕೊಂಡಿದ್ನೆವ್ವಾ! ಪೊಲೀಸರು ಬಂದು ಇವರನ್ನ ಎಳಕೊಂಡು ಹೋದ್ರ? ನಾ ಎಣ್ಣಿ ಕುಡದು ಇಲ್ಲಿ ಮಕ್ಕೊಂಡಿರಬೇಕು, ಇವರು ಸ್ಟೇಷನ್‌ನಾಗ ಕುಂತಿರಬೇಕು. ಅಂಥಾ ಆರಾಮ ನನಗ್ಯಾಕ ಬೇಕು?"

"ಅಣ್ಣಾರಿಗೆ ಮತ್ತೇನೂ ತೋಚಿಲ್ರೀ ಅಕ್ಕಾರ. ಮಾತ್ರೆ ಕೆಲಸ ಮಾಡ್ತಿಲ್ಲಂತ."

ಗೌರಮ್ಮ ಬಾಗಿಲ ಕಡೆ ನೋಡಿದರು. ಆಮೇಲೆ ನೆಲ ನೋಡಿದರು.

"ನುಂಗಿದ್ರ ತಾನ ಕೆಲಸ ಮಾಡೋದು?"

ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. ಮಾತ್ರೆ ತೆಗೆದುಕೊಂಡ ದಿನ ವಿಪರೀತ ತೂಕಡಿಕೆ. ಬೆಳಿಗ್ಗೆ ಲಿಂಗಪೂಜೆಗೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಲಿಂಗ ಕೈಜಾರುವುದರಲ್ಲಿತ್ತಂತೆ. ಅಂದಿನಿಂದ ನಿಲ್ಲಿಸಿಬಿಟ್ಟರು. ದಿನಕ್ಕೊಂದು ಮಾತ್ರೆ ಬಿಡಿಸಿ ಕಸದ ಬುಟ್ಟಿಗೆ ಹಾಕುತ್ತಾರೆ. ಗಂಡ ಎಣಿಸಿ ನೋಡಿದರೆ ಸರಿಯಾಗಿಯೇ ಕಡಿಮೆ ಆಗಿರುತ್ತದೆ.

"ಹೇಳಬಾರದೇನ್ರಿ?"

"ಹೆಂಗ ಹೇಳ್ಲಿ? ಡಾಕ್ಟರು ಮದ್ಲೇ ಗಡಿಬಿಡಿ ಮನುಷ್ಯಾ. ಇವರು ನನ್ನ ಸಲುವಾಗಿ ದೇವರು ದಿಂಡರು ಅಂತ ಓಡ್ಯಾಡಿ ಸಣ್ಣಾಗ್ಯಾರ. ಮಾತ್ರಿ ಬಿಟ್ಟೀನಿ ಅಂದ್ರ ಇನ್ನೊಂದು ಚಿಂತಿ ಹಚ್ಚಿದಂಗಾಗ್ತೈತಿ."

ನೋಡಿ, ಒಂದೇ ಮನೆ. ಒಂದೇ ಪಡಸಾಲೆ. ಗಂಡ ಹೆಂಡತಿಗೆ ಗೊತ್ತಾಗದಂತೆ ಗಾಂಜಾಕ್ಕೆ ಮಣ್ಣು ಹದ ಮಾಡುತ್ತಿದ್ದಾರೆ. ಹೆಂಡತಿ ಗಂಡನಿಗೆ ಗೊತ್ತಾಗದಂತೆ ಮಾತ್ರೆ ಎಸೆಯುತ್ತಿದ್ದಾರೆ. ಇಬ್ಬರೂ ಇನ್ನೊಬ್ಬರಿಗೆ ನೋವಾಗದಿರಲಿ ಎಂದೇ!

ನಾನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬಸಪ್ಪಣ್ಣ ಬರುವವರೆಗೆ ಅಲ್ಲೇ ಕೂತೆ. ಅವರು ಬಂದಾಗ, "ನೀವಿಬ್ಬರೂ ಒಬ್ಬರಿಗೊಬ್ಬರು ಏನೋ ಹೇಳೋದೈತಿ," ಎಂದೆ. ಟೀಚರ್ ದನಿಯಲ್ಲೇ ಹೇಳಿದೆ. ಈ ವಯಸ್ಸಿನಲ್ಲೂ ಕೆಲವರಿಗೆ ಅದು ಕೆಲಸ ಮಾಡುತ್ತದೆ.

ಗೌರಮ್ಮ ಮೊದಲು ಹೇಳಿದರು. ಬಸಪ್ಪಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಸಿಟ್ಟು ಬರುತ್ತದೆ ಎಂದು ನಾನು ಕಾದಿದ್ದೆ. ಬರಲಿಲ್ಲ.

"ಅಂದ್ರ ಇನ್ನೂ ಔಷಧ ಐತಿ ಅಂದಂಗಾಯ್ತು!" ಎಂದರು. ಆ ಮನುಷ್ಯನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬೆಳಕು ಬಂತು. ಬೀಜ ಕೊಡುತ್ತೇನೆ ಎಂದವನಿಗೆ ಅಲ್ಲೇ ಫೋನು ಹಚ್ಚಿ, "ಬ್ಯಾಡಪ್ಪ, ವದ್ದು," ಎಂದು ಕನ್ನಡ ತೆಲುಗು ಎರಡರಲ್ಲೂ ಹೇಳಿ ಇಟ್ಟರು.

ನೋವಿಗೆಂದೇ ಬೇರೆ ಡಾಕ್ಟರು ಇರುತ್ತಾರೆ ಎಂಬುದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸ್ ಆಗಿದ್ದಾಳೆ. ಅವಳು ಕರ್ನೂಲಿನ ಒಬ್ಬ ಡಾಕ್ಟರಮ್ಮನ ವಿಳಾಸ ಕೊಟ್ಟಳು. ಗುರುವಾರ ಮೂವರೂ ಕಾರು ಮಾಡಿಕೊಂಡು ಹೊರಟೆವು. ಸೀಟಿಗೆ ಬೆನ್ನು ತಾಗದಂತೆ ಗೌರಮ್ಮ ದಾರಿಯುದ್ದಕ್ಕೂ ಮುಂದಕ್ಕೆ ಬಾಗಿ ಕೂತಿದ್ದರು. ಒಂದೊಂದು ಗುಂಡಿಗೂ ಬಸಪ್ಪಣ್ಣ ಡ್ರೈವರಿಗೆ "ಮೆಲ್ಲಗ, ಮೆಲ್ಲಗ" ಎನ್ನುತ್ತಿದ್ದರು.

ಡಾಕ್ಟರಮ್ಮನಿಗೆ ಕನ್ನಡ ಬಾರದು. ತೆಲುಗಿನಲ್ಲಿ ಕೇಳಿದರು. "ನೊಪ್ಪಿ ಏ ಪಕ್ಕ?" ನೋವು ಯಾವ ಕಡೆ?

"ಎಡಮ," ಎಂದರು ಬಸಪ್ಪಣ್ಣ, ಥಟ್ಟನೆ. ಎಡಗಡೆ.

"ಬಲಕ್ಕ ಐತ್ರಿ," ಎಂದರು ಗೌರಮ್ಮ, ಮೆಲ್ಲಗೆ.

ಆ ಗಿಡ ಎಷ್ಟು ದಿನಕ್ಕೆ ಹೂ ಬಿಡುತ್ತದೆ ಎಂಬುದು ಈ ಮನುಷ್ಯನಿಗೆ ಬಾಯಿಪಾಠವಾಗಿತ್ತು. ಹೆಂಡತಿಯ ಯಾವ ಮಗ್ಗುಲು ಉರಿಯುತ್ತಿದೆ ಎಂಬುದು ಗೊತ್ತಿರಲಿಲ್ಲ. ಅವರಿಗೇ ಅದು ನನಗಿಂತ ಮೊದಲು ಹೊಳೆಯಿತು. ಎದ್ದು ಹೆಂಡತಿಯ ಬಲಗಡೆ ಇದ್ದ ಕುರ್ಚಿಯಲ್ಲಿ ಬಂದು ಕೂತರು. ಆಮೇಲೆ ಅವರು ತೆಲುಗಿನಲ್ಲೇ ಕೇಳಿದ ಪ್ರಶ್ನೆಗೆ ನಾನು ತಲೆ ತಗ್ಗಿಸಿದೆ.

"ಡಾಕ್ಟರಮ್ಮಾ, ಗಾಂಜಾ ಎಣ್ಣೆ ಕೊಟ್ಟರೆ ಹೇಗೆ?"

ಡಾಕ್ಟರಮ್ಮ ಬೈಯಲಿಲ್ಲ. ನಗಲೂ ಇಲ್ಲ. ನೀವೇನು ಮೊದಲನೆಯವರಲ್ಲ, ಕೇಳಿದ್ದು ಒಳ್ಳೆಯದಾಯಿತು ಎಂದರು. ಅದರ ಮೇಲೆ ಸಂಶೋಧನೆ ನಡೆಯುತ್ತಿದೆ, ಕೆಲವರಿಗೆ ಸ್ವಲ್ಪ ಉಪಯೋಗ, ಹಲವರಿಗೆ ಇಲ್ಲ ಎಂದು ವಿವರಿಸಿದರು. ಮನೆಯಲ್ಲಿ ಬೆಳೆದ ಗಿಡದಲ್ಲಿ ಎಷ್ಟು ಜೋರಿದೆ ಎಂದು ಅಳೆಯುವವರು ಯಾರು? ಈಕೆಗೆ ಬಿಪಿ ಮಾತ್ರೆ ಬೇರೆ ಇದೆ. ತಲೆ ತಿರುಗಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದರೆ? ಮೊದಲು ಇರುವ ಔಷಧವನ್ನೇ ಸರಿಯಾಗಿ ಕೊಟ್ಟು ನೋಡೋಣ ಎಂದರು.

ಹಳೆಯ ಮಾತ್ರೆಯನ್ನೇ ಚಿಕ್ಕ ಡೋಸಿನಲ್ಲಿ, ರಾತ್ರಿ ಮಾತ್ರ. ನಿಧಾನವಾಗಿ ಏರಿಸುವುದು. ಮೇಲೆ ಅಂಟಿಸಿಕೊಳ್ಳಲು ಮರಗಟ್ಟಿಸುವ ಪಟ್ಟಿ. ಹೊರಡುವಾಗ ಇನ್ನೊಂದು ಮಾತು ಹೇಳಿದರು. ತೂಕಡಿಕೆ ಬಂದರೆ ಬಿಸಾಡಬೇಡಿ, ಫೋನು ಮಾಡಿ. ಗೌರಮ್ಮ ನಾಚಿಕೊಂಡರು. (ಬುಟ್ಟಿಯ ಕಥೆ ಡಾಕ್ಟರಮ್ಮನಿಗೆ ನಾನು ಹೇಳಿರಲಿಲ್ಲ. ಅವರಿಗೆ ಇಂಥ ಬುಟ್ಟಿಗಳ ಪರಿಚಯ ಇದ್ದಂತಿತ್ತು.)

ಬರುವಾಗ ಎಮ್ಮಿಗನೂರಿನಲ್ಲಿ ಕಾರು ನಿಲ್ಲಿಸಿದೆವು. ಬಸಪ್ಪಣ್ಣ ಕೈಮಗ್ಗದ ಬಟ್ಟೆ ಅಂಗಡಿಗೆ ನುಗ್ಗಿ ಒಂದೊಂದೇ ಸೀರೆ ತೆಗೆದು ತಮ್ಮ ಕೆನ್ನೆಗೆ ಒತ್ತಿ ನೋಡಿದರು. ಹತ್ತಿಯ ಎಳೆ ಬೆರಳಲ್ಲಿ ಹಿಡಿದೇ ಗುಣ ಹೇಳುವ ವ್ಯಾಪಾರಿ, ಕೆನ್ನೆಯಿಂದ ನೋಡುವುದನ್ನು ನಾನು ಮೊದಲ ಸಲ ಕಂಡೆ. ಅಂಗಡಿಯವನಿಗೂ ವಿಚಿತ್ರ ಅನಿಸಿರಬೇಕು. ಕೊನೆಗೆ ತೀರಾ ಮೆತ್ತಗಿನ ಎರಡು ಸೀರೆ ಆರಿಸಿದರು. ಬಣ್ಣ ಮಾತ್ರ ಗೌರಮ್ಮನಿಗೆ ಹಿಡಿಸಲಿಲ್ಲ. "ಮುದುಕಿಗೆ ಗಿಣಿ ಹಸಿರೇನ್ರಿ?" ಎಂದರು. ಆದರೂ ಒಪ್ಪಿಕೊಂಡರು.

ಪವಾಡವೇನೂ ನಡೆಯಲಿಲ್ಲ. ಮೊದಲ ವಾರ ಹಾಗೇ ಇತ್ತು. ಎರಡನೆಯ ವಾರ ಒಮ್ಮೆ ತೂಕಡಿಕೆ ಬಂತು. ಫೋನು ಮಾಡಿದರು, ಡೋಸು ಸರಿಹೋಯಿತು. ಮೂರನೆಯ ವಾರ ಗೌರಮ್ಮ ಫ್ಯಾನ್ ಹಾಕಿಸಿಕೊಂಡು ಮಲಗಿದರು. ತಿಂಗಳ ಮೇಲೆ ಒಂದು ದಿನ ಮೊಮ್ಮಗಳನ್ನು ಎಡ ಮಗ್ಗುಲಿಗೆ ಅವಚಿಕೊಂಡು ಕೂತಿದ್ದನ್ನು ನಾನೇ ಕಣ್ಣಾರೆ ಕಂಡೆ. ಬಲಗಡೆ ಇನ್ನೂ ಚುರುಗುಟ್ಟುತ್ತದೆ. ಆದರೆ ಚೀರುವಷ್ಟಿಲ್ಲ.

ಹದ ಮಾಡಿಟ್ಟ ಆ ಮೂರು ಚೀಲದ ಮಣ್ಣು? ಅಷ್ಟು ಚೆಂದದ ಮಣ್ಣು ಹಾಳು ಮಾಡುವುದುಂಟೇ? ಪುಂಡಿಪಲ್ಯದ ಬೀಜ ಹಾಕಿ ಎಂದೆ. ನಮ್ಮ ಕಡೆ ಪುಂಡಿಪಲ್ಯ, ತೆಲುಗಿನಲ್ಲಿ ಗೋಂಗೂರ. ಎಂಟೇ ದಿನಕ್ಕೆ ಎದ್ದು ನಿಂತಿತು. ದೊಡ್ಡದಾದಂತೆ ಎಲೆ ಬೆರಳು ಬೆರಳಾಗಿ ಸೀಳಿಕೊಂಡಿತು. ದೂರದಿಂದ ನೋಡಿದರೆ ಸಾಕ್ಷಾತ್ ಆ ನೋಟ್‌ಬುಕ್ಕಿನ ಚಿತ್ರವೇ! ಎದುರು ಮನೆಯ ರಿಟೈರ್ಡ್ ಹೆಡ್ ಕಾನ್ಸ್‌ಟೇಬಲ್ ಎರಡು ದಿನ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ, ಮೂರನೆಯ ದಿನ ಒಳಗೇ ಬಂದರಂತೆ. ಗೌರಮ್ಮ ಒಂದು ಎಲೆ ಕಿತ್ತು ಅವರ ಬಾಯಿಗೇ ಕೊಟ್ಟರಂತೆ. ಹುಳಿಗೆ ಕಣ್ಣು ಮುಚ್ಚಿಕೊಂಡು, ಒಂದು ಕಟ್ಟು ಇಸಿದುಕೊಂಡು ಹೋದರಂತೆ.

ಈಗ ದಿನಾ ಸಂಜೆ ಗಂಡ ಹೆಂಡತಿ ಇಬ್ಬರೂ ಆ ಗಿಡಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಸೊಪ್ಪು ಬಿಡಿಸುವುದು ಆಕೆ, ನೀರು ಹಾಕುವುದು ಈತ. ತೋಟಗಾರಿಕೆಯಿಂದ ನರದ ನೋವು ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. (ಹಾಗೆ ಬರೆದರೆ ನಾಳೆ ನನ್ನದೇ ಒಂದು ವಿಡಿಯೊ ಓಡಾಡುತ್ತದೆ.) ಆದರೆ ಮನೆಯಲ್ಲಿ ಮುಚ್ಚಿಡುವುದು ಏನೂ ಉಳಿಯದಿದ್ದಾಗ, ಪಕ್ಕಪಕ್ಕ ಕೂರುವುದು ಸುಲಭವಾಗುತ್ತದೆ. ಅದನ್ನಂತೂ ಕಂಡಿದ್ದೇನೆ.

ಮೊನ್ನೆ ಗೌರಮ್ಮ ಫೋನು ಮಾಡಿದ್ದರು. ಹೇಗಿದ್ದೀರಿ ಎಂದೆ.

"ನೋವು ಅಡ್ಡಿಯಿಲ್ಲವ್ವ. ಇವರದೇ ಕಾಟ! ಮುಂಜಾನಿ ಎದ್ದ ಕೂಡ್ಲೇ ಹೆಂಗೈತಿ, ಚಾ ಕುಡದ್ರ ಹೆಂಗೈತಿ, ಸಂಜೀಗೆ ಹೆಂಗೈತಿ. ಕೇಳಿ ಕೇಳಿ ನನಗ ಬ್ಯಾಸರ ಹಿಡದು ಹೋಗೈತಿ ನೋಡು."

ಇಂಥ ಬೇಸರ ನಿಮ್ಮ ಮನೆಗೂ ಹಿಡಿಯಲಿ!